ಸೊನ್ನೆಯಕ್ಕ ತನ್ನ ಎದೆಯನ್ನು ತೂಗಿಸಿದ ಕಥೆ

ನಮ್ಮ ಮಾರುಕಟ್ಟೆ ಬೀದಿಯ ತಕ್ಕಡಿಗಳಿಗೆ ದೇವರ ಭಯವಿಲ್ಲ. ಸರ್ಕಾರದ ಭಯ ವರ್ಷಕ್ಕೊಂದು ದಿನ ಮಾತ್ರ. ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವು ನಡುಗುವುದು ಸೊನ್ನೆಯಕ್ಕನಿಗೆ. ಆಕೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ಮುಳ್ಳುಗಳು ತಾವಾಗಿಯೇ ಸೆಟೆದು ನಿಲ್ಲುತ್ತವೆ, ಅಂಗಡಿಯವರ ಹೆಬ್ಬೆರಳುಗಳು ತಟ್ಟೆಯಿಂದ ಜಾರಿ ಜೇಬು ಸೇರುತ್ತವೆ, ಈರುಳ್ಳಿಗಳು ಕೂಡ ಉಸಿರು ಬಿಟ್ಟು ತಮ್ಮ ನಿಜವಾದ ತೂಕಕ್ಕೆ ಇಳಿಯುತ್ತವೆ. ಒಮ್ಮೆ ಆಕೆ ಬರೀ ಕಣ್ಣು ಹಾಯಿಸಿದ್ದಕ್ಕೇ ಮೂರನೇ ಅಂಗಡಿಯ ಕಲ್ಲಂಗಡಿಯೊಂದು ಅರ್ಧ ಕಿಲೋ ಕಳೆದುಕೊಂಡಿತಂತೆ. ಆ ಕಲ್ಲಂಗಡಿ ಈಗ ನಮ್ಮೊಂದಿಗಿಲ್ಲ, ಆದ್ದರಿಂದ ಸಾಕ್ಷಿ ಸಿಗುವುದು ಕಷ್ಟ.

ಇಷ್ಟೆಲ್ಲ ಕೀರ್ತಿಗೆ ಕಾರಣ ಒಂದೇ ಒಂದು ಚಾಳಿ. ಏನನ್ನೇ ತೂಗುವ ಮೊದಲು ಆಕೆ ಖಾಲಿ ತಟ್ಟೆಯತ್ತ ಬೆರಳು ಚಾಚಿ, "ಮೊದ್ಲು ಸೊನ್ನೆ ತೋರ್ಸು" ಅನ್ನುತ್ತಾಳೆ. ಖಾಲಿ ಇದ್ದಾಗ ಖಾಲಿ ಎಂದು ಒಪ್ಪಿಕೊಳ್ಳದ ತಕ್ಕಡಿ ತುಂಬಿದಾಗ ನಿಜ ಹೇಳುತ್ತದೆಂದು ಏನು ನಂಬಿಕೆ? ಆಕೆಯ ಶಾಸ್ತ್ರವೆಲ್ಲ ಇಷ್ಟೇ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಐವತ್ತೆರಡು ವರ್ಷ ವಯಸ್ಸಿನ ಆಕೆಯನ್ನು ಎಪ್ಪತ್ತು ದಾಟಿದ ಮುದುಕರೂ ಸೊನ್ನೆಯಕ್ಕ ಅಂತಲೇ ಕರೆಯುತ್ತಾರೆ.

ಕಸುಬು ತಕ್ಕಡಿ ರಿಪೇರಿ, ಅಪ್ಪನಿಂದ ಬಂದದ್ದು. ಹತ್ತಡಿ ಉದ್ದ, ಎಂಟಡಿ ಅಗಲದ ಕೋಣೆ. ಕಿಟಕಿಯ ಬೆಳಕು ಬೀಳುವಲ್ಲಿ ಒಂದು ಮೇಜು. ಮೇಜಿನ ಮೇಲೆ ಹಿತ್ತಾಳೆಯ ಸಣ್ಣ ತೂಕದ ಬಟ್ಟುಗಳು ಮರದ ಪೆಟ್ಟಿಗೆಯ ಗುಳಿಗಳಲ್ಲಿ ಎತ್ತರದ ಪ್ರಕಾರ ಕೂತಿರುತ್ತವೆ, ಶಾಲೆಯ ಫೋಟೋಕ್ಕೆ ಕೂತ ಮಕ್ಕಳ ಹಾಗೆ. ಬಾಗಿಲ ಬಳಿ ಇಪ್ಪತ್ತು ಕಿಲೋದ ನಾಲ್ಕು ಕಬ್ಬಿಣದ ಬಟ್ಟುಗಳು. ಪ್ರತಿಯೊಂದರ ಮೇಲೂ ಪರೀಕ್ಷೆ ಮಾಡಿದ ಅಧಿಕಾರಿಯ ಗುರುತು, ಮಾಡಿದ ವರ್ಷ. ಮೂಟೆ ತೂಗುವ ದೊಡ್ಡ ತಕ್ಕಡಿ ಪರೀಕ್ಷಿಸಬೇಕಾದಾಗ ಆಕೆ ಎಡಗೈಗೊಂದು ಬಲಗೈಗೊಂದು ಬಟ್ಟು ಹಿಡಿದು ರಸ್ತೆ ದಾಟುತ್ತಿದ್ದಳು. ಆಗ ಲಾರಿಗಳು ನಿಲ್ಲುತ್ತಿದ್ದವು. ಗೌರವಕ್ಕೋ ಭಯಕ್ಕೋ, ಲಾರಿಯವರೇ ಹೇಳಬೇಕು.

ಇಂಥ ಆಕೆಯನ್ನು ಕಣ್ಣಿಗೆ ಕಾಣದ ಒಂದು ವೈರಸ್ಸು ಎಂಟು ದಿನ ಹಾಸಿಗೆಗೆ ಕೆಡವಿತು. ಜ್ವರ ಬಂತು, ಕೆಮ್ಮು ಬಂತು, ಎರಡೂ ಹೋದವು. ಹೋಗುವಾಗ ಮಾತ್ರ ಏನೋ ಒಂದನ್ನು ಎದೆಯೊಳಗೆ ಮರೆತು ಹೋದವು. ಅಂಗಡಿಗೆ ಮರಳಿದ ಮೂರನೆಯ ದಿನ, ಒಂದು ಸಣ್ಣ ತಿರುಪು ಬಿಗಿಯುತ್ತಿದ್ದಾಗ, ಎದೆ ಒಂದು ಬಡಿತ ತಪ್ಪಿಸಿ, ಆಮೇಲೆ ನೆನಪಾದ ಹಾಗೆ ದಡಬಡನೆ ನಾಲ್ಕು ಹೊಡೆಯಿತು. ನೀರಿಂದ ತೆಗೆದ ಮೀನು ಪಕ್ಕೆಲುಬಿನೊಳಗೆ ಮಗುಚಿದಂತೆ. ಆಕೆ ಸ್ಕ್ರೂಡ್ರೈವರ್ ಕೆಳಗಿಟ್ಟು, ಮೇಜಿನ ಅಂಚು ಹಿಡಿದು ಕೂತಳು. ಊರಿನ ಎಲ್ಲ ತಕ್ಕಡಿಗಳ ತಪ್ಪು ಬಲ್ಲವಳಿಗೆ ತನ್ನೊಳಗಿನ ಮುಳ್ಳು ಯಾಕೆ ಕುಣಿಯುತ್ತಿದೆ ಎಂದು ಗೊತ್ತಿರಲಿಲ್ಲ. ನಿಜವಾಗಿಯೂ ಹೆದರಿದಳು. ಹೆದರಿದ್ದು ಯಾರಿಗೂ ಕಾಣಬಾರದೆಂದು ತಿರುಪನ್ನು ಇನ್ನೊಮ್ಮೆ ಬಿಗಿದಳು.

ಆದರೆ ಗಂಡನಿಗೆ ಕಂಡಿತು. ಸಿಟಿ ಬಸ್ಸು ಓಡಿಸುವ ಆ ಮನುಷ್ಯ ಇಪ್ಪತ್ತೆಂಟು ವರ್ಷ ಹೆಂಡತಿಗೆ ಎದುರು ಮಾತಾಡಿದವನಲ್ಲ. ಒಂದು ವಾರದಲ್ಲಿ ಇಂಥ ಕುಣಿತ ಹತ್ತಾರು ಸಲ ಆದ ಮೇಲೆ, ಜೀವಮಾನದ ಧೈರ್ಯವನ್ನೆಲ್ಲ ಒಟ್ಟು ಮಾಡಿಕೊಂಡು ಬಂದು ನಿಂತ.

"ನೋಡು, ನಾನೊಂದು ಮಾತು ಕೊಟ್ಬಿಟ್ಟಿದೀನಿ. ಮುಂದಿನ ತಿಂಗಳು ಒಂದನೇ ತಾರೀಕಿಂದ ಅಂಗಡಿ ಜಾಗಕ್ಕೆ ಮೊಬೈಲ್ ಕವರ್ ಮಾರೋನು ಬರ್ತಾನೆ."

"ಯಾರನ್ನ ಕೇಳಿ ಕೊಟ್ರಿ?"

"ನಿನ್ನ ಎದೇನೇ ಕೇಳಿ ಕೊಟ್ಟೆ ಕಣೇ. ಮನೇಲಿ ಕೂತ್ಕೋ. ಹಾರ್ಟ್ ಪೇಶೆಂಟು ಕಬ್ಬಿಣ ಎತ್ತಬಾರ್ದು."

"ನಾನು ಹಾರ್ಟ್ ಪೇಶೆಂಟು ಅಂತ ಹೇಳಿದ್ಯಾರು?"

ಗಂಡ ತಮ್ಮನ ಮುಖ ನೋಡಿದ. ಸೊನ್ನೆಯಕ್ಕನ ಮೈದುನ ಈ ಕಥೆಯ ಮಹಾಪಂಡಿತ. ಫೋನಿನಲ್ಲಿ ಬಂದದ್ದನ್ನೆಲ್ಲ ನೋಡಿ, ನೋಡಿದ್ದನ್ನೆಲ್ಲ ನಂಬಿ, ನಂಬಿದ್ದನ್ನೆಲ್ಲ ಹಂಚುವವನು. ಬೀದಿಯಲ್ಲಿ ಅವನಿಗೆ ವಾರ್ತಾ ಇಲಾಖೆ ಎಂದೇ ಹೆಸರು.

"ಅತ್ತಿಗೆ, ವೀಡಿಯೋಲಿ ಸ್ಪಷ್ಟವಾಗಿ ಹೇಳಿದಾರೆ. ವೈರಲ್ ಆದ್ಮೇಲೆ ಎದೆ ಹೊಡ್ಕೊಂಡ್ರೆ ಮುಗೀತು ಅಂತ. ಇನ್ನೊಂದ್ರಲ್ಲಿ, ಬೆಳಗ್ಗೆ ತಣ್ಣೀರಲ್ಲಿ ಮುಖ ಮುಳುಗ್ಸಿದ್ರೆ ಸಾಕು ಅಂತ. ಮತ್ತೊಂದ್ರಲ್ಲಿ ತಣ್ಣೀರು ಮುಟ್ಟಲೇಬಾರ್ದು ಅಂತ."

"ಮೂರೂ ನಿಜಾನಾ?"

"ಮೂರಕ್ಕೂ ಲಕ್ಷಗಟ್ಲೆ ಲೈಕು ಬಂದಿದೆ ಅತ್ತಿಗೆ!"

ಸೊನ್ನೆಯಕ್ಕ ಗಂಡನತ್ತ ತಿರುಗಿದಳು. "ಹದಿನೈದು ದಿನ ಟೈಮು ಕೊಡಿ. ನನ್ನೆದೆ ಕೆಟ್ಟಿದ್ರೆ ನಾನೇ ಬೀಗದ ಕೈ ತಂದು ಕೊಡ್ತೀನಿ. ಕೆಟ್ಟಿಲ್ಲ ಅಂದ್ರೆ ಆ ಕವರ್‌ನೋನು ನನ್ನ ಬಾಗಿಲ ಹತ್ರ ಸುಳೀಬಾರ್ದು. ಅಲ್ಲೀವರೆಗೂ ಬಟ್ಟು ಮುಟ್ಟಲ್ಲ. ಆದ್ರೆ ಊರವರ ಬಾಯಿಂದ ಮಾತ್ರ ಪೇಶೆಂಟ್ ಆಗಲ್ಲ."

ಹೀಗೆ ಮಹಾಯುದ್ಧ ಶುರುವಾಯಿತು. ಮೊದಲ ಮೆಟ್ಟಿಲು ಬೀದಿ ಕೊನೆಯ ಖಾಸಗಿ ಕ್ಲಿನಿಕ್ಕು. ಅಲ್ಲಿನ ವೈದ್ಯರು ಬರೆಯುತ್ತಿದ್ದ ಚೀಟಿಯಿಂದ ತಲೆ ಎತ್ತಲಿಲ್ಲ, ಕೈ ಹಿಡಿದು ನಾಡಿ ನೋಡಲಿಲ್ಲ.

"ಏನಿಲ್ಲ. ಗ್ಯಾಸು. ಈ ವಯಸ್ಸಲ್ಲಿ ಹೆಂಗಸರಿಗೆ ಹೀಗೆಲ್ಲ ಅನ್ಸುತ್ತೆ. ಟೆನ್ಷನ್ ಮಾಡ್ಕೋಬೇಡಿ."

ಆಕೆ ಹೊರಗೆ ಬಂದು ಗಂಡನಿಗೆ ಹೇಳಿದಳು: "ಇದು ಮುಳ್ಳು ಸಿಕ್ಕಿಹಾಕ್ಕೊಂಡಿರೋ ತಕ್ಕಡಿ ಕಣ್ರೀ. ಆನೆ ಹತ್ತಿಸಿದ್ರೂ ಸೊನ್ನೇನೇ ತೋರ್ಸುತ್ತೆ. ಸೊನ್ನೆ ತೋರಿಸ್ತು ಅಂತ ನಾನು ಖುಷಿಪಟ್ಟು ಮನೆಗೆ ಹೋಗ್ಲಾ?"

ಎರಡನೆಯದು ಮೈದುನನ ಶಿಫಾರಸು. ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಬಿಳಿ ಕೋಟು ತೊಟ್ಟ ಒಬ್ಬ ಮಹಾನುಭಾವ, ಅವನ ಮುಂದೆ ಕಂಪ್ಯೂಟರು, ಕಂಪ್ಯೂಟರಿಗೆ ಅಂಟಿದ ಒಂದು ಲೋಹದ ಕೋಲು. ಕೋಲನ್ನು ಒಂದು ನಿಮಿಷ ಮುಷ್ಟಿಯಲ್ಲಿ ಹಿಡಿದರೆ ಮೂವತ್ತಾರು ಅಂಗಗಳ ಯೋಗಕ್ಷೇಮ ಕಾಗದದ ಮೇಲೆ ಇಳಿಯುತ್ತದೆ. ಹಿಂದಿನ ಕಪಾಟಿನಲ್ಲಿ ಮೂವತ್ತಾರು ಅಂಗಗಳಿಗೂ ಪುಡಿಗಳು ಡಬ್ಬಿಗಳಲ್ಲಿ ಕಾದು ಕೂತಿದ್ದವು.

"ಹಿಡ್ಕೊಳ್ಳಿ ಅಮ್ಮ, ಗಟ್ಟಿಯಾಗಿ."

"ಮೊದ್ಲು ಸೊನ್ನೆ ತೋರ್ಸಿ."

"ಏನು?"

"ಯಾರೂ ಹಿಡೀದೇ ಇದ್ದಾಗ ಏನು ಹೇಳುತ್ತೆ, ಅದನ್ನ ತೋರ್ಸಿ."

"ಯಾರೂ ಹಿಡೀದಿದ್ರೆ ಯಂತ್ರ ಓಡಲ್ಲ ಅಮ್ಮ. ಅದಕ್ಕೆ ಜೀವ ಬೇಕು."

ಸೊನ್ನೆಯಕ್ಕ ಒಂದು ಕ್ಷಣ ಯೋಚಿಸಿದಳು. ಚೀಲದಿಂದ ಅಂಗಡಿಯ ಧೂಳೊರೆಸುವ ಟವೆಲು ತೆಗೆದಳು. ಬಾಟಲಿಯ ನೀರಿನಲ್ಲಿ ಅದನ್ನು ತೋಯಿಸಿ, ಹಿಂಡಿ, ಕೋಲಿಗೆ ಸುತ್ತಿ ಮೇಜಿನ ಮೇಲಿಟ್ಟಳು. ಯಂತ್ರ ಗುಂಯ್ ಅಂದಿತು. ಪರದೆಯ ಮೇಲೆ ಬಣ್ಣದ ಕರುಳುಗಳು ತಿರುಗಿದವು. ಬಿಳಿ ಕೋಟಿನವನು "ಅಮ್ಮ, ಅಮ್ಮ" ಅನ್ನುವಷ್ಟರಲ್ಲಿ ಪ್ರಿಂಟರು ಕಾಗದ ಉಗುಳಿತು.

ಮೈದುನ ಗಟ್ಟಿಯಾಗಿ ಓದಿದ. ಟವೆಲಿನ ಹೃದಯ ಶೇಕಡಾ ಮೂವತ್ತೆಂಟು ದುರ್ಬಲ. ಯಕೃತ್ತಿನಲ್ಲಿ ಕೊಬ್ಬು. ಮೂಳೆ ಸವೆತ. ರಾತ್ರಿ ನಿದ್ದೆ ಸಾಲದು. ಓದುತ್ತಾ ಓದುತ್ತಾ ಅವನ ದನಿ ಇಳಿಯುತ್ತಾ ಹೋಯಿತು, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪಿಸುಮಾತಾಗಿತ್ತು.

"ಪಾಪ, ನನ್ನ ಟವೆಲಿಗೆ ಎಷ್ಟೊಂದು ಕಷ್ಟ," ಎಂದು ಸೊನ್ನೆಯಕ್ಕ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಯಾವ ಪುಡಿ ಕೊಡ್ತೀರಿ ಇದಕ್ಕೆ? ಸೋಪಿನ ಪುಡಿ ಸಾಕಾ?"

ಮೆಟ್ಟಿಲಿಳಿಯುವಾಗ ಆಕೆಯ ಎದೆ ಮತ್ತೆ ಎರಡು ಬಾರಿ ಮಗುಚಿತು. ಕಂಬಿ ಹಿಡಿದು ನಿಂತಳು. ಮೈದುನ ಆಕೆಯ ಚೀಲವನ್ನು ತಾನು ತೆಗೆದುಕೊಂಡ. ಕಳ್ಳನನ್ನು ಹಿಡಿದದ್ದಾಯಿತು, ಕಳೆದುಕೊಂಡದ್ದು ಮಾತ್ರ ಸಿಕ್ಕಿರಲಿಲ್ಲ. ಹನ್ನೊಂದು ದಿನ ಉಳಿದಿದ್ದವು.

ಮರುದಿನ ಬೆಳಿಗ್ಗೆ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ಎರಡೂವರೆ ಗಂಟೆ ನಿಂತಳು. ಕುರ್ಚಿಯಲ್ಲಿದ್ದವಳು ಮಗಳ ವಯಸ್ಸಿನ ಡಾಕ್ಟರು, ಕಣ್ಣಿನ ಕೆಳಗೆ ಕಪ್ಪು, ಮೇಜಿನ ಮೇಲೆ ತಣ್ಣಗಾದ ಚಹಾ. ಆದರೆ ಮೊದಲ ಕೆಲಸಕ್ಕೇ ಸೊನ್ನೆಯಕ್ಕನ ಕೈ ಹಿಡಿದು, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿದಳು. ಆಮೇಲೆ ಕೇಳಿದಳು. ಯಾವಾಗ ಶುರುವಾಗುತ್ತದೆ, ಹೇಗೆ ನಿಲ್ಲುತ್ತದೆ, ಕಣ್ಣು ಕತ್ತಲೆ ಬಂದು ಬಿದ್ದದ್ದುಂಟೇ, ಎದೆ ನೋವುಂಟೇ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಿದ್ದಾರೆಯೇ, ದಿನಕ್ಕೆ ಎಷ್ಟು ಕಪ್ ಚಹಾ.

"ಆರು," ಅಂದಳು ಸೊನ್ನೆಯಕ್ಕ.

"ಒಂಬತ್ತು," ಅಂದ ಗಂಡ, ಬಾಗಿಲ ಬಳಿಯಿಂದ.

"ಜ್ವರ ಆದ್ಮೇಲೆ ತುಂಬಾ ಜನಕ್ಕೆ ಹೀಗಾಗುತ್ತೆ ಅಮ್ಮ," ಅಂದಳು ಡಾಕ್ಟರು. "ಹೆಚ್ಚಿನವರಿಗೆ ತಾನಾಗೇ ಸರಿಹೋಗುತ್ತೆ. ಕೆಲವರಿಗೆ ಮಾತ್ರ ಹೃದಯದ ಸ್ನಾಯುಗೇ ಊತ ಬಂದಿರುತ್ತೆ. ನೀವು ಯಾವ ಗುಂಪು ಅಂತ ನಂಗೆ ಇನ್ನೂ ಗೊತ್ತಿಲ್ಲ. ನೋಡಿ ಹೇಳ್ತೀನಿ."

ಸೊನ್ನೆಯಕ್ಕ ಗಂಡನ ಕಡೆ ತಿರುಗಿ ಹುಬ್ಬೇರಿಸಿದಳು. ಇಷ್ಟು ದಿನಗಳಲ್ಲಿ ಗೊತ್ತಿಲ್ಲ ಎಂದ ಮೊದಲ ಬಾಯಿ ಅದು.

ಒಳಗಿನ ಕೋಣೆಯಲ್ಲಿ ಮಲಗಿಸಿ, ಎದೆಗೂ ಕೈಕಾಲಿಗೂ ತಂತಿ ಅಂಟಿಸಿ, ಇಸಿಜಿ ತೆಗೆದರು. ಚೌಕುಳಿ ಕಾಗದ ಹೊರಬಂತು. ಸೊನ್ನೆಯಕ್ಕ ಎದ್ದು ಕೂತು, ತನ್ನ ಎದೆಯ ಗುಡ್ಡಬೆಟ್ಟಗಳನ್ನು ಬಿಟ್ಟು, ಸಾಲಿನ ತುದಿಯಲ್ಲಿದ್ದ ಒಂದು ಪುಟ್ಟ ಚೌಕದ ಮೇಲೆ ಬೆರಳಿಟ್ಟಳು. ಬಾಗಿಲಿನ ಚೌಕಟ್ಟಿನಂಥ ಗುರುತು.

"ಇದು ನನ್ನೆದೆ ಅಲ್ವಲ್ಲ? ನನ್ನೆದೆ ಇಷ್ಟು ಶಿಸ್ತಿನದಲ್ಲ."

ಯಂತ್ರ ನೋಡಿಕೊಳ್ಳುವವನು ನಕ್ಕ. "ಅದು ಯಂತ್ರದ್ದು ಅಮ್ಮ. ಇಂತಿಷ್ಟು ವಿದ್ಯುತ್ತಿಗೆ ಇಂತಿಷ್ಟೇ ಎತ್ತರ ಬರ್ಬೇಕು ಅಂತ ಲೆಕ್ಕ ಇದೆ. ಹತ್ತು ಮಿಲಿಮೀಟರು. ಅದು ಸರಿ ಇದ್ರೆ ತಾನೇ ನಿಮ್ಮದನ್ನ ನಂಬೋದು."

ಸೊನ್ನೆಯಕ್ಕ ಆ ಪುಟ್ಟ ಚೌಕವನ್ನು ನೋಡಿದ ರೀತಿಯನ್ನು ಏನೆಂದು ಹೇಳುವುದು! ದಂಡಯಾತ್ರೆ ಹೋದ ರಾಣಿ ಪರದೇಶದ ಕೋಟೆಯ ಮೇಲೆ ತನ್ನದೇ ಬಾವುಟ ಕಂಡಂತೆ. ಕಿರುಬೆರಳಿನ ಉಗುರಿನಿಂದ ಅದರ ಎತ್ತರಕ್ಕಿದ್ದ ಕಾಗದದ ಮಿಲಿಮೀಟರು ಮನೆಗಳನ್ನು ಎಣಿಸಿದಳು. ಸರಿಯಾಗಿ ಹತ್ತು.

"ರೀ, ಬಟ್ಟು ಇಟ್ಟು ತೋರ್ಸಿದಾರೆ ಕಣ್ರೀ," ಅಂದಳು ಗಂಡನಿಗೆ.

ರಕ್ತ ಪರೀಕ್ಷೆಯಾಯಿತು, ಹೃದಯದ ಸ್ಕ್ಯಾನಾಯಿತು. ಇಸಿಜಿ ತೆಗೆದ ಆ ಅರೆನಿಮಿಷದಲ್ಲಿ ಎದೆ ಒಳ್ಳೆಯ ಹುಡುಗಿಯ ಹಾಗೆ ನಡೆದುಕೊಂಡಿತ್ತಾದ್ದರಿಂದ, ಇಡೀ ಒಂದು ದಿನದ ಬಡಿತ ಬರೆದುಕೊಳ್ಳುವ ಅಂಗೈಯಗಲದ ಪೆಟ್ಟಿಗೆಯೊಂದನ್ನು ಸೊಂಟಕ್ಕೆ ಕಟ್ಟಿ ಕಳಿಸಿದರು. ಎದೆ ಕುಣಿದಾಗಲೆಲ್ಲ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಎರಡನ್ನೂ ಬರೆಯಬೇಕು. ಆ ಚೀಟಿಯನ್ನು ಬೀದಿಯವರೆಲ್ಲ ಓದಿದ್ದೇವೆ. 'ಹತ್ತು ಇಪ್ಪತ್ತು, ಮೆಟ್ಟಿಲು ಹತ್ತಿದೆ, ಒಂದು. ಹನ್ನೆರಡು ಹತ್ತು, ಮೈದುನ ಬಂದ, ಮೂರು. ಹನ್ನೆರಡು ನಲವತ್ತು, ಮೈದುನ ಹೋದ, ಇಲ್ಲ.'

ಫಲಿತಾಂಶದ ದಿನ ಡಾಕ್ಟರು ಕಾಗದಗಳನ್ನು ಮೇಜಿನ ಮೇಲೆ ಹರಡಿದಳು.

"ಸ್ನಾಯು ಚೆನ್ನಾಗಿದೆ, ಊತದ ಗುರುತಿಲ್ಲ. ಥೈರಾಯ್ಡ್ ಸರಿ ಇದೆ. ನಡುನಡುವೆ ಒಂದೊಂದು ಬಡಿತ ಅವಸರಪಟ್ಟು ಮುಂಚೆ ಬರ್ತಿದೆ, ಅಷ್ಟೇ. ನಿಮ್ಮ ವಿಷಯದಲ್ಲಿ ಅದು ಅಪಾಯದ್ದಲ್ಲ. ರಕ್ತದಲ್ಲಿ ಮಾತ್ರ ಕಬ್ಬಿಣದ ಅಂಶ ಕಡಿಮೆ. ಅದ್ಯಾಕೆ ಕಡಿಮೆ ಆಯ್ತು ಅಂತಾನೂ ನೋಡೋಣ."

"ಕಬ್ಬಿಣ ಕಡಿಮೇನಾ!" ಗಂಡನಿಗೆ ನಗು ತಡೆಯಲಾಗಲಿಲ್ಲ. ನಲವತ್ತು ವರ್ಷ ಕಬ್ಬಿಣ ಎತ್ತಿದ ಹೆಂಡತಿ ಗಂಡನನ್ನು ನೋಡಿದಳು. ನಗು ತಾನಾಗಿಯೇ ಸೊನ್ನೆಗೆ ಬಂದು ನಿಂತಿತು.

"ಒಂದು ಕೇಳ್ತೀನಿ ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ," ಅಂದಳು. "ನೀವು ಹೇಳಿದ್ದು ತಪ್ಪಾಗಿದ್ರೆ ನಂಗೆ ಹೇಗೆ ಗೊತ್ತಾಗುತ್ತೆ?"

ಡಾಕ್ಟರು ಪೆನ್ನು ಕೆಳಗಿಟ್ಟಳು. "ಇದನ್ನ ಯಾರೂ ಕೇಳಲ್ಲ. ತಲೆ ತಿರುಗಿ ಬಿದ್ರೆ, ಎದೆ ನೋವು ಬಂದ್ರೆ, ಉಸಿರು ಕಟ್ಟಿದ್ರೆ, ಕುಣಿತ ನಿಲ್ಲದೇ ಹೋದ್ರೆ, ನಾನು ತಪ್ಪು ಅಂತ. ತಕ್ಷಣ ತುರ್ತು ವಿಭಾಗಕ್ಕೆ ಬನ್ನಿ, ನನ್ನ ಪಾಳಿಗೆ ಕಾಯ್ಬೇಡಿ. ಇಲ್ಲದಿದ್ರೆ ಆರು ವಾರಕ್ಕೆ ಬನ್ನಿ. ಮೇಜಿನ ಕೆಲಸ ನಾಳೆಯಿಂದ್ಲೇ ಮಾಡಿ. ಭಾರ ಎತ್ತೋದು ಈಗ್ಲೇ ಬೇಡ, ಬಂದಾಗ ನೋಡೋಣ. ಚಹಾ ಎರಡೇ ಕಪ್ಪು."

ಮೈದುನ ಹಿಂದಿನಿಂದ ಕತ್ತು ಚಾಚಿದ. "ಹಾಗಾದ್ರೆ ಫೋನಲ್ಲಿ ಬರೋದೆಲ್ಲ ಸುಳ್ಳಾ ಮೇಡಂ?"

"ಎಲ್ಲಾ ಅಲ್ಲ. ಹೇಳಿದ್ಯಾರು, ಅವರಿಗೆ ಆ ವಿದ್ಯೆ ಇದ್ಯಾ, ಯಾವ ವರ್ಷ ಹೇಳಿದ್ದು, ಕೊನೆಗೆ ಏನಾದ್ರೂ ಮಾರ್ತಾರಾ, ಅಷ್ಟು ನೋಡಿ."

"ಬಟ್ಟಿನ ಮೇಲಿನ ಮುದ್ರೆ ಕಣೋ," ಅಂದಳು ಅತ್ತಿಗೆ. "ಯಾರು ಹೊಡೆದ್ರು, ಯಾವ ವರ್ಷ. ಮುದ್ರೆ ಇಲ್ಲದ ಬಟ್ಟು ಬಾಗಿಲಿಗೆ ಅಡ್ಡ ಇಡೋಕೆ ಸರಿ."

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಎಂದಿನ ಹೊತ್ತಿಗೆ ತೆರೆಯಿತು. ಕವರ್ ಮಾರುವವನು ಟೇಪು ಹಿಡಿದು ಜಾಗ ಅಳೆಯಲು ಬಂದವನು, ಟೇಪಿನ ತುದಿ ಸವೆದಿದೆ, ಎರಡು ಮಿಲಿಮೀಟರು ಸುಳ್ಳು ಹೇಳುತ್ತದೆ ಎಂಬ ಆರೋಪ ಹೊತ್ತು, ಇನ್ನೊಂದು ಬೀದಿಯಲ್ಲಿ ಅದೃಷ್ಟ ಹುಡುಕಲು ಹೋದ. ಮಹಡಿಯ ಬಿಳಿ ಕೋಟಿನವನ ಬಳಿಗೆ ಬೀದಿಯ ಅರ್ಧ ಜನ ಒದ್ದೆ ಟವೆಲು ಹಿಡಿದು ಹೋದರು. ಒಂದು ವಾರದಲ್ಲಿ ಅವನೂ ಗಂಟುಮೂಟೆ ಕಟ್ಟಿದ. ಎದೆ ಆಗೊಮ್ಮೆ ಈಗೊಮ್ಮೆ ಮಗುಚುತ್ತಲೇ ಇತ್ತು. ಮಗುಚಿದಾಗ ಆಕೆ ತಿರುಪು ಬಿಗಿಯುವುದನ್ನು ನಿಲ್ಲಿಸಿ, ಚೀಟಿಯಲ್ಲಿ ಹೊತ್ತು ಬರೆದು, ಮತ್ತೆ ಬಿಗಿಯುತ್ತಿದ್ದಳು.

ಬೀದಿಯ ಗೆಳೆಯರೆಲ್ಲ ಸೇರಿ ಅಂಗಡಿಯ ಮುಂದೆ ನಿಂತೆವು. ಮೈದುನ ಈಗ ಆಕೆಯ ಆಸ್ಥಾನಕವಿಯಾಗಿದ್ದ. ಫೋನು ಎತ್ತಿ ವೀಡಿಯೋ ಹಿಡಿದು, ಕಂಚಿನ ಕಂಠದಲ್ಲಿ ಕೇಳಿದ: "ಅತ್ತಿಗೆ, ಸುಳ್ಳು ಯಂತ್ರಗಳನ್ನ ಗೆದ್ರಿ, ಭಯಾನ ಗೆದ್ರಿ, ಇಡೀ ಊರಿಗೆ ಎದುರು ನಿಂತ್ರಿ! ಈಗ ಲೋಕಕ್ಕೆ ನಿಮ್ಮ ಸಂದೇಶ ಏನು?"

ಸೊನ್ನೆಯಕ್ಕ ಬಾಗಿಲ ಬಳಿಯ ಕಬ್ಬಿಣದ ಬಟ್ಟಿನತ್ತ ಬೆರಳು ತೋರಿಸಿದಳು.

"ಆ ಫೋನು ಜೇಬಿಗೆ ಹಾಕಿ ಇದರ ಹಿಡಿ ಹಿಡ್ಕೊಳೋ. ಇಪ್ಪತ್ತು ಕಿಲೋ ಇದೆ, ನಾನು ಎತ್ತಬಾರ್ದಂತೆ."