ಕಿವಿಯಕ್ಕನ ತಾರೀಕಿಲ್ಲದ ಕಾಗದಗಳು

ಬೆಳಿಗ್ಗೆ ಐದೂಮುಕ್ಕಾಲು. ಕಡಬ ತಾಲೂಕಿನ ಕೊಯಿಲದ ಹತ್ತಿರ ಒಂದು ಸೊಸೈಟಿ ಗೋದಾಮು. ಮಾಡಿನವರೆಗೆ ಪೇರಿಸಿಟ್ಟ ಅಡಿಕೆ ಗೋಣಿಗಳ ನಡುವಿನ ಇಕ್ಕಟ್ಟಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಒಂದರಲ್ಲಿ ಎಪ್ಪತ್ತು ದಾಟಿದ ಅದ್ರಾಮ ತಲೆಗೆ ದೊಡ್ಡ ಹೆಡ್‌ಫೋನ್ ಸಿಕ್ಕಿಸಿಕೊಂಡು ಫೋಟೋ ತೆಗೆಸಲು ಕೂತವರ ಹಾಗೆ ನೆಟ್ಟಗೆ ಕೂತಿದ್ದಾರೆ. ಇನ್ನೊಂದರಲ್ಲಿ ಹರಿಣಾಕ್ಷಿ, ಮಡಿಲಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡದೊಂದು ಕಿವಿ ಪರೀಕ್ಷೆಯ ಯಂತ್ರ. ಅವರು ಗುಂಡಿ ಒತ್ತುತ್ತಾರೆ, ಅದ್ರಾಮ ಬೆರಳೆತ್ತುತ್ತಾರೆ. ಶಬ್ದ ಇನ್ನಷ್ಟು ಸಣ್ಣದು ಮಾಡಿ ಒತ್ತುತ್ತಾರೆ, ಆಗಲೂ ಬೆರಳು ಮೇಲೆ. ಮೂರನೆಯ ಸಲವೂ ಮೇಲೆ. ಹರಿಣಾಕ್ಷಿ ಹೆಡ್‌ಫೋನ್ ಸರಿಸಿ ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳುತ್ತಾರೆ: "ಅದ್ರಾಮಾಕ, ಈ ಸಲ ನಾನು ಒತ್ತಲೇ ಇಲ್ಲ!"

ಸಿಕ್ಕಿಬಿದ್ದ ಅದ್ರಾಮ ನಾಚಿ ನಗುತ್ತಾರೆ. "ಎಂತ ಮಾಡುದು ಅಕ್ಕ? ನೀವು ಕತ್ತಲೆಗೇ ಎದ್ದು ಇಷ್ಟು ದೂರ ಬಂದದ್ದು. ಒಂದೂ ಕೇಳ್ಲಿಲ್ಲ ಹೇಳಿದ್ರೆ ನಿಮಗೆ ಬೇಜಾರಾಗುದಿಲ್ವಾ?"

ಈ ಕಡೆಯ ಕಿವಿಗಳಿಗೆ ಇರುವ ದೊಡ್ಡ ಕಾಯಿಲೆ ಇದೇ, ದಾಕ್ಷಿಣ್ಯ. ಕಷ್ಟಪಟ್ಟು ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ ಎಂದು ಕೇಳದ ಶಬ್ದಕ್ಕೂ ಬೆರಳೆತ್ತುವವರು. ಹಾಗಾಗಿ ಹರಿಣಾಕ್ಷಿ ಪ್ರತಿಯೊಬ್ಬರಿಗೂ ನಡುನಡುವೆ ಮೂರು ಸಲ ಸುಮ್ಮನೆ ಕೂರುತ್ತಾರೆ. ಬರದ ಶಬ್ದಕ್ಕೆ ಎಷ್ಟು ಸಲ ಬೆರಳೆದ್ದಿತು ಎಂದು ಮೊದಲು ಬರೆದುಕೊಳ್ಳುತ್ತಾರೆ. ಯಾವ ತರಬೇತಿಯಲ್ಲೂ ಇದನ್ನು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಗೋದಾಮೇ ಯಾಕೆ ಎಂದರೆ, ಶಬ್ದ ನುಗ್ಗದ ಕೋಣೆ ಈ ಸುತ್ತಿನಲ್ಲಿ ಬೇರೆ ಇಲ್ಲ. ಒಣ ಅಡಿಕೆಯ ಗೋಣಿ ಹೊರಗಿನ ಸದ್ದನ್ನೆಲ್ಲ ನುಂಗುತ್ತದೆ. ಏಳು ಗಂಟೆಗೆ ಲೋಡಿಂಗ್ ಲಾರಿ ಬಂದುಬಿಡುತ್ತದೆ, ಆಮೇಲೆ ಪರೀಕ್ಷೆಯೂ ಇಲ್ಲ ಗಿರೀಕ್ಷೆಯೂ ಇಲ್ಲ. ಜೀರುಂಡೆ ಕೂಗುವ ತಿಂಗಳಲ್ಲಿ ಗೋಣಿಯೂ ಸೋಲುತ್ತದೆ. ಆಗ ಹರಿಣಾಕ್ಷಿಗೆ ರಜೆ. ಅವರ ಲೆಕ್ಕದಲ್ಲಿ ಅದು ನಷ್ಟ.

ಊರವರು ಕಿವಿಯಕ್ಕ ಎಂದು ಕರೆಯುವ ಹರಿಣಾಕ್ಷಿಗೆ ನಲವತ್ತೊಂಬತ್ತು. ಪುತ್ತೂರಿನ ಒಂದು ಕಿವಿ-ಮೂಗು-ಗಂಟಲಿನ ಕ್ಲಿನಿಕ್ಕಿಗೆ ಇಪ್ಪತ್ತೆರಡು ವರ್ಷದ ಹಿಂದೆ ಟೋಕನ್ ಕೊಡಲು ಸೇರಿದವರು. ಡಾಕ್ಟರು ಮಾಡುವುದನ್ನು ಬಾಗಿಲ ಸಂದಿಯಿಂದ ನೋಡಿ ನೋಡಿ ಕಲಿತರು. ಅವರ ಆಸಕ್ತಿ ಕಂಡು ಡಾಕ್ಟರೇ ಆರು ತಿಂಗಳ ತರಬೇತಿಗೆ ಕಳಿಸಿದರು. ಈಗ ಬುಧವಾರ ಸುಳ್ಯ, ಶುಕ್ರವಾರ ಕಡಬ, ಉಳಿದ ದಿನ ಪುತ್ತೂರು. ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿ ಮೊದಲ ಬಸ್ಸಿಗೆ ಹೊರಡುತ್ತಾರೆ. ಬಸ್ಸಿನಲ್ಲಿ ಸೀಟು ಸಿಗದಿದ್ದರೆ ಬ್ಯಾಗನ್ನು ಕೂತವರ ಮಡಿಲಲ್ಲಿಟ್ಟು, "ಮಗು ಹಿಡ್ಕೊಂಡ ಹಾಗೆ ಹಿಡ್ಕೊಳ್ಳಿ" ಎಂದು ತಾಕೀತು ಮಾಡುತ್ತಾರೆ. ವಾರಕ್ಕೆ ಹನ್ನೆರಡೋ ಹದಿನೈದೋ ಕಿವಿ. ಮೂರು ವರ್ಷದಲ್ಲಿ ಮೂರು ತಾಲೂಕು ಸೇರಿ ಸಾವಿರದ ನೂರ ನಲವತ್ತು ಮಂದಿ. ಅದರಲ್ಲಿ ಕಿವಿಗೆ ಹಾಕುವ ಯಂತ್ರ ಬೇಕು ಎಂದು ಬರೆದದ್ದು ಮುನ್ನೂರರ ಮೇಲೆ, ಯಂತ್ರ ಹಾಕಿಕೊಂಡದ್ದು ನಲವತ್ತೊಂದು.

ಇಷ್ಟೆಲ್ಲ ತಲೆಬಿಸಿ ಯಾಕೆ ಮಾರಾಯ್ರೆ ಎಂದರೆ ಅವರು ಅಪ್ಪನ ವಿಷಯ ಎತ್ತುತ್ತಾರೆ. ಅಪ್ಪ ತ್ಯಾಂಪಣ್ಣ ದನಗಳ ಫಾರ್ಮಿನಲ್ಲಿ ಕೂಲಿಗಿದ್ದವರು. ಕರೆದರೆ ಓ ಅನ್ನುತ್ತಿರಲಿಲ್ಲ. ಮನೆಯವರೆಲ್ಲ ಅದನ್ನು ಜಂಬ ಅಂದುಕೊಂಡರು. "ಕ್ರಮೇಣ ನಾವು ಮಾತಾಡುದೇ ಬಿಟ್ಟೆವು. ಅಪ್ಪನಿಗೆ ಕೇಳುದಿಲ್ಲ ಅಂತ ಗೊತ್ತಾಗ್ಲಿಕ್ಕೆ ನಮಗೆ ಒಂಬತ್ತು ವರ್ಷ ಬೇಕಾಯ್ತು. ಅಷ್ಟರಲ್ಲಿ ಅವರಿಗೂ ಮಾತು ಬೇಡ ಆಗಿತ್ತು" ಎನ್ನುತ್ತಾರೆ ಹರಿಣಾಕ್ಷಿ. ಹೇಳುವಾಗ ಅವರ ಕೈ ಯಂತ್ರದ ವಯರನ್ನು ಸುತ್ತುತ್ತಲೇ ಇರುತ್ತದೆ.

ಒಳ್ಳೆಯ ಜೋಡಿ ಯಂತ್ರದ ಬೆಲೆ ಕೇಳಿದರೆ ಬಂದವರು ಕುರ್ಚಿಯಿಂದ ಎದ್ದೇ ಹೋಗುತ್ತಾರೆ. ಉಚಿತವಾಗಿ ಸಿಗುವುದು ತೀರಾ ಕೇಳದವರಿಗೆ. ನಡುವಿನವರ ಗತಿ? ಅವರಿಗಾಗಿ ಹರಿಣಾಕ್ಷಿ ಕಣ್ಣಿಟ್ಟಿರುವುದು ಹುಡುಗರು ಕಿವಿಗೆ ಚುಚ್ಚಿಕೊಂಡು ತಿರುಗುವ ಇಯರ್‌ಬಡ್ ಮೇಲೆ. ಅದೇ ಬಡ್ಡಿನೊಳಗೆ ಕಿವಿ ಪರೀಕ್ಷಿಸಿ, ಯಾವ ಶಬ್ದ ಕಮ್ಮಿಯೋ ಅದನ್ನಷ್ಟೇ ಏರಿಸಿ ಕೊಡುವ ಸೌಲಭ್ಯ ಬಂದು ಕೂತಿದೆ. ಬೆಲೆ ಯಂತ್ರದ ಹತ್ತರಲ್ಲಿ ಒಂದು ಪಾಲು. ಕೆಲವು ದೇಶಗಳಲ್ಲಿ ಅಜ್ಜ ಅಜ್ಜಿಯರು ಬಳಸುತ್ತಲೂ ಇದ್ದಾರಂತೆ. ಇಲ್ಲಿ ಆ ಗುಂಡಿ ಒತ್ತಿದರೆ ಫೋನಿನ ಪರದೆಯಲ್ಲಿ ಒಂದೇ ಸಾಲು: 'ಈ ಸೌಲಭ್ಯ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ.'

ಹಾಡು ಕೇಳಿಸಿದರೆ ಅದು ಅಂಗಡಿ ಸಾಮಾನು. ಕಿವುಡಿಗೆ ಸಹಾಯ ಮಾಡುತ್ತೇನೆ ಅಂದ ತಕ್ಷಣ ಅದು ವೈದ್ಯಕೀಯ ಸಾಧನ, ಅದಕ್ಕೆ ಬೇರೆ ಪರೀಕ್ಷೆ, ಬೇರೆ ಅನುಮತಿ. ಕಂಪನಿಯ ಸಹಾಯವಾಣಿಯವರು ಅರ್ಜಿ ಹಾಕಿದ್ದೇವೆ ಅನ್ನುತ್ತಾರೆ. ಕ್ಲಿನಿಕ್ಕಿನವರು ಬರೆದ ಪತ್ರಕ್ಕೆ ಪರಿಶೀಲನೆಯಲ್ಲಿದೆ ಎಂಬ ಉತ್ತರ ಎರಡು ಸಲ ಬಂದಿದೆ, ಎರಡು ಸಲವೂ ಅಕ್ಷರಕ್ಕೆ ಅಕ್ಷರ ಅದೇ. ಹರಿಣಾಕ್ಷಿ ಯಾರನ್ನೂ ಬಯ್ಯುವುದಿಲ್ಲ. "ಪರೀಕ್ಷೆ ಬೇಡ ಹೇಳುದಿಲ್ಲ. ಶಬ್ದ ಜಾಸ್ತಿಯಾದ್ರೆ ಇದ್ದ ಕಿವಿಯೂ ಹೋಗ್ತದೆ. ಮಾಡ್ಲಿ. ಆದ್ರೆ ಎಷ್ಟು ವರ್ಷ ಮಾಡುದು? ಇಲ್ಲಿ ಕಾಯುವವರ ವಯಸ್ಸು ಯಾರಾದ್ರೂ ನೋಡ್ಬೇಕಲ್ಲ?"

ಈ ಕಾಯುವಿಕೆ ಒಬ್ಬರ ಅನ್ನಕ್ಕೇ ಅಡ್ಡ ಬಂದ ಸಂಗತಿ ನಡೆದದ್ದು ಕಳೆದ ವರ್ಷ. ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ ಇಪ್ಪತ್ತೆರಡು ಮಕ್ಕಳ ಒಂದು ಶಾಲೆ. ಅಲ್ಲಿ ಬಿಸಿಯೂಟದ ಅಡುಗೆ ವಸುಮತಿಯವರದು, ಹನ್ನೊಂದು ವರ್ಷದಿಂದ ಒಬ್ಬರೇ. ಮನೆಗೆ ತಿಂಗಳು ತಿಂಗಳು ತಪ್ಪದೆ ಬರುವ ಸಂಪಾದನೆ ಅದೊಂದೇ. ಜೂನಿನಲ್ಲಿ ಒಂದು ದಿನ ಕುಕ್ಕರ್ ಎಷ್ಟು ವಿಸಿಲ್ ಹಾಕಿದರೂ ಅವರಿಗೆ ಗೊತ್ತಾಗಲಿಲ್ಲ. ಬೇಳೆ ಸೀದು, ವಾಲ್ವ್ ಹಾರಿ, ಹಂಚಿನವರೆಗೆ ಸಾಂಬಾರು. ಪುಣ್ಯಕ್ಕೆ ಮಕ್ಕಳು ತರಗತಿಯಲ್ಲಿದ್ದರು. ಮಕ್ಕಳ ಜೀವದ ಪ್ರಶ್ನೆ, ಬೇರೆ ಜನ ನೋಡುವ ಎಂದು ಶಾಲಾಭಿವೃದ್ಧಿ ಸಮಿತಿಯವರು ಹೇಳಿದರು. ಅವರ ಮಾತಿನಲ್ಲೂ ತಪ್ಪಿಲ್ಲ.

ಹರಿಣಾಕ್ಷಿ ಪರೀಕ್ಷೆ ಮಾಡಿದರು. ಉಚಿತ ಯಂತ್ರಕ್ಕೆ ವಸುಮತಿಯ ಕಿವುಡು ಸಾಲದು, ಕುಕ್ಕರಿಗೆ ವಸುಮತಿಯ ಕಿವಿ ಸಾಲದು. ಇಬ್ಬರೂ ಬಡ್ ಕೊಳ್ಳಲು ಸುಳ್ಯ ಬಸ್‌ಸ್ಟ್ಯಾಂಡಿನ ಬಳಿಯ ಅಲಿ ಕುಂಞಿಯ ಮೊಬೈಲ್ ಅಂಗಡಿಗೆ ಹೋದರು. ಅಲಿ ಕುಂಞಿ ಕೈಚಳಕದ ಮನುಷ್ಯ. "ಇದು ಬೇರೆ ದೇಶ ಅಂತ ಫೋನನ್ನು ನಂಬಿಸಿದ್ರೆ ಆಯ್ತು ಅಕ್ಕ, ಗುಂಡಿ ತೆರೀತದೆ. ಅರ್ಧ ಗಂಟೆ ಕೆಲಸ" ಎಂದ.

"ನಾಳೆ ಫೋನಿಗೆ ಬುದ್ಧಿ ಬಂದು ತಾನಾಗಿ ಬಂದ್ ಆದ್ರೆ? ಆಗ ಕುಕ್ಕರಿನ ಹತ್ರ ನಿಲ್ಲುದು ನೀನಾ?" ಎಂದು ಹರಿಣಾಕ್ಷಿ ಕೇಳಿದರು. ಅಲಿ ಕುಂಞಿ ಆಗ ಯಾವ ಅನುಮತಿಯೂ ಬೇಡದ ದಾರಿಯೊಂದನ್ನು ತೋರಿಸಿದ: ಫೋನನ್ನು ಶಬ್ದ ಬರುವ ಕಡೆ ಇಟ್ಟರೆ, ಅದು ಕೇಳಿಸಿಕೊಂಡದ್ದು ಬಡ್ಡಿನ ಮೂಲಕ ಕಿವಿಗೆ ಬರುತ್ತದೆ. ಅಡುಗೆಕೋಣೆಯ ಕಿಟಕಿ ದಂಡೆಯಲ್ಲಿ ಫೋನು, ವಸುಮತಿಯ ಕಿವಿಯಲ್ಲಿ ಬಡ್. ಒಂದು ವಾರ ಬೇಳೆ ಹದವಾಗಿ ಬೆಂದಿತು.

ಆಮೇಲೆ ಶುರುವಾಯಿತು ಹೊಸ ರಗಳೆ. ಕಿವಿಯ ಯಂತ್ರ ಹಾಕಿದವರನ್ನು ಕಂಡರೆ ಜನ ಪಾಪ ಅನ್ನುತ್ತಾರೆ. ಬಡ್ ಹಾಕಿದವರನ್ನು ಕಂಡರೆ? "ಕೆಲಸದ ಹೊತ್ತಲ್ಲಿ ಹಾಡು ಕೇಳ್ತಾಳೆ. ಅಡುಗೆಯವಳಿಗೆ ಶೋಕಿ ನೋಡಿ!" ಎಂದು ದೂರು ಹೋಯಿತು. ಬೇಳೆ ಸೀದದ್ದೂ ಈ ಹಾಡಿನಿಂದಲೇ ಎಂದು ಯಾರೋ ಸೇರಿಸಿದರು. ಬಡ್ ಬಂದದ್ದೇ ಬೇಳೆ ಸೀದ ಮೇಲೆ ಎಂಬುದು ಯಾರಿಗೂ ನೆನಪಾಗಲಿಲ್ಲ. ಸೋಮವಾರ ಬಂದು ವಿವರಿಸಿ ಎಂದು ಹೆಡ್‌ಮಾಷ್ಟ್ರು ಕೃಷ್ಣಮೋಹನ ಹರಿಣಾಕ್ಷಿಗೆ ಹೇಳಿಕಳಿಸಿದರು.

ಹರಿಣಾಕ್ಷಿ ರಜೆ ಹಾಕಿ ಹೋದರು. ಆಫೀಸಿನ ಪಕ್ಕದಲ್ಲೇ ಅಡುಗೆಕೋಣೆ. "ಮಾಷ್ಟ್ರೇ, ನೀವೇ ಒಂದು ಕಿವಿಗೆ ಹಾಕಿ ನೋಡಿ. ಹಾಡು ಉಂಟಾ ಕುಕ್ಕರ್ ಉಂಟಾ ಗೊತ್ತಾಗ್ತದೆ" ಎಂದು ಬಡ್ಡನ್ನು ಕೈಗೆ ಕೊಟ್ಟರು. ಮಾಷ್ಟ್ರು ಹಾಕಿಕೊಂಡರು. ಸಮಿತಿಯ ಅಧ್ಯಕ್ಷರು ಕಾದರು. "ಇದರಲ್ಲಿ ಎಂತದೂ ಇಲ್ಲ" ಎಂದರು ಮಾಷ್ಟ್ರು.

ಹರಿಣಾಕ್ಷಿ ಬಡ್ಡನ್ನು ತೆಗೆದುಕೊಂಡು ನೋಡಿದರು, ಮೂಗಿಗೆ ಹಿಡಿದರು. ತೆಂಗಿನೆಣ್ಣೆಯ ಘಮ! "ವಸುಮತಿಯಕ್ಕಾ, ನಿನ್ನೆ ಎಂತ ಮಾಡಿದ್ದು?"

ನಿನ್ನೆ ಭಾನುವಾರ. ಎಣ್ಣೆ ಸ್ನಾನ. ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ಎಣ್ಣೆ ಎರಡೂ ಕಿವಿಗೆ ಎರಡೆರಡು ಹನಿ. ಹುಟ್ಟಿದಂದಿನಿಂದ ಬಂದ ಕ್ರಮ. "ಕಿವಿಗೆ ಒಳ್ಳೇದಲ್ವಾ ಅಕ್ಕ? ಸೋಮವಾರ ಮಾಷ್ಟ್ರ ಎದುರು ಚೆಂದ ಕೇಳ್ಲಿ ಅಂತ ನಿನ್ನೆ ಒಂದು ಹನಿ ಜಾಸ್ತಿಯೇ ಹಾಕಿದೆ" ಎಂದರು ವಸುಮತಿ, ಕಣ್ಣಲ್ಲಿ ನೀರು ತುಂಬಿಕೊಂಡು. ಬೆಳಗಿನಿಂದ ಏನೂ ಕೇಳುತ್ತಿರಲಿಲ್ಲ. ಹೇಳಿದರೆ ಕೆಲಸ ಹೋದೀತೆಂಬ ಹೆದರಿಕೆಗೆ, ಒಲೆಯ ಎದುರೇ ನಿಂತು ಕಣ್ಣು ಮಿಟುಕಿಸದೆ ಹಬೆ ನೋಡುತ್ತ ಇದ್ದರು. ನಿಜಕ್ಕೂ ಅಯ್ಯೋ ಅನಿಸುವ ಹೊತ್ತು ಅದು.

ಇಂಥ ಸಾಧನದ ಜೊತೆ, ಕಿವಿಗೆ ಎಣ್ಣೆ ಬಿಡಬೇಡಿ ಎಂಬ ಕನ್ನಡದ ಚೀಟಿ ಬರುವುದಿಲ್ಲ. ಹೇಗೆ ಬಂದೀತು? ಕಾಗದದಲ್ಲಿ ಅದು ಹಾಡಿನ ಸಾಮಾನು ಅಷ್ಟೆ. ತಪ್ಪು ತನ್ನದೇ ಎಂದು ಹರಿಣಾಕ್ಷಿ ಈಗಲೂ ಹೇಳುತ್ತಾರೆ. "ಸಾವಿರ ಜನರ ಕಿವಿಯ ಎಣ್ಣೆ ಒರೆಸಿದವಳು ನಾನು. ಒಂದು ಮಾತು ಹೇಳ್ಬೇಕಿತ್ತು."

ಬ್ಯಾಗಿನಿಂದ ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಹತ್ತಿ, ಒಂದು ತೊಟ್ಟು ಸ್ಪಿರಿಟ್. ಕಾಲು ಗಂಟೆ ಬಡ್ಡಿನ ಜಾಲರಿ ತಿಕ್ಕಿ, ಬಟ್ಟೆಯ ಮೇಲೆ ಕವುಚಿ ತಟ್ಟಿದರು. ಅಧ್ಯಕ್ಷರು ಎರಡು ಸಲ ವಾಚ್ ನೋಡಿಕೊಂಡರು. ಮಾಷ್ಟ್ರು ಮತ್ತೆ ಹಾಕಿಕೊಂಡು ಕಣ್ಣು ಕಿರಿದು ಮಾಡಿ ಕೂತರು. "ಬೇಳೆ ಕೊತಕೊತ ಹೇಳ್ತಾ ಉಂಟು" ಎಂದರು. ಅಷ್ಟರಲ್ಲಿ ವಿಸಿಲ್ ಬಂದು, ಪಾಪ, ಮಾಷ್ಟ್ರು ಕುರ್ಚಿಯಿಂದಲೇ ಹಾರಿದರು. ಅಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಮಾಷ್ಟ್ರು ಕಷ್ಟದ ಮಾತು ಆಡಿದರು. "ನಮಗೆ ಗೊತ್ತಾಯ್ತು. ಮೇಲಿನಿಂದ ಯಾರಾದ್ರೂ ಬಂದು ಕೇಳಿದ್ರೆ ನಾನೆಂತ ತೋರಿಸುದು? ಇದು ಕಿವಿಯ ಯಂತ್ರ ಅಂತ ಬರೆದು ಕೊಡಿ."

ಹರಿಣಾಕ್ಷಿ ಪೆನ್ನು ತೆಗೆದರು, ಹಾಗೇ ಹಿಡಿದು ಕೂತರು. ಅನುಮತಿ ಇಲ್ಲದ್ದನ್ನು ಯಂತ್ರ ಎಂದು ಬರೆಯುವ ಹಾಗಿಲ್ಲ, ಡಾಕ್ಟರು ಸಹಿ ಹಾಕುವುದೂ ಇಲ್ಲ. ಸುಳ್ಳು ಬರೆದರೆ ಇಪ್ಪತ್ತೆರಡು ವರ್ಷದ ಕೆಲಸಕ್ಕೆ ಮಸಿ. ಬರೆಯದಿದ್ದರೆ ಬಾಗಿಲಲ್ಲಿ ಸೆರಗು ಹಿಂಡುತ್ತ ನಿಂತ ವಸುಮತಿ. ಕೊನೆಗೆ ಎರಡು ಸಾಲು ಬರೆದರು: 'ಇದು ಹಾಡು ಕೇಳುವ ಸಾಧನ. ವಸುಮತಿಯವರು ಇದರಲ್ಲಿ ಕುಕ್ಕರಿನ ವಿಸಿಲ್ ಕೇಳುತ್ತಾರೆ.' ಕೆಳಗೆ ತಮ್ಮ ಹೆಸರು, ಫೋನ್ ನಂಬರು.

ಮಾಷ್ಟ್ರು ಓದಿದರು, ಇನ್ನೊಮ್ಮೆ ಓದಿದರು. ಅಧ್ಯಕ್ಷರ ಜೊತೆ ಮಾತಾಡಿ ಅದರ ಅಡಿಯಲ್ಲೇ ಬರೆದರು: 'ಮಾರ್ಚ್ ತನಕ ಮುಂದುವರಿಯಲಿ. ಅನುಮತಿ ಬಂದ ದಾಖಲೆ ಆಗ ಹಾಜರುಪಡಿಸುವುದು.' ಹಾಗೆ ವಸುಮತಿಗೆ ಉಳಿದದ್ದು ಮಾರ್ಚ್‌ವರೆಗಿನ ಕೆಲಸ. ಈಗ ಜನವರಿ. ಬೇಳೆ ಹದವಾಗಿಯೇ ಬೇಯುತ್ತಿದೆ, ಅನುಮತಿಯ ಕಡತ ಎಲ್ಲಿದೆಯೋ ಅಲ್ಲೇ ಇದೆ. ಹರಿಣಾಕ್ಷಿ ಪ್ರತಿ ಬೆಳಿಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಆ ಗುಂಡಿ ಒತ್ತಿ ನೋಡುತ್ತಾರೆ. ಲಭ್ಯವಿಲ್ಲ ಎಂಬ ಸಾಲು ಬಂದರೆ ಚಹಾ ಮಾಡಲು ಹೋಗುತ್ತಾರೆ. ಈಗ ಪರೀಕ್ಷೆಗೆ ಬಂದವರಿಗೆಲ್ಲ ತಮ್ಮದೇ ಕೈಬರಹದ ಜೆರಾಕ್ಸ್ ಚೀಟಿಯೊಂದನ್ನು ಕೊಡುತ್ತಾರೆ. ಮೊದಲ ಸಾಲೇ ಎಣ್ಣೆಯದು.

ಏಳು ಗಂಟೆ. ಗೋದಾಮಿನ ಹೊರಗೆ ಲಾರಿ ಹಿಂದಕ್ಕೆ ಬರುವ ಸದ್ದು. ಅದ್ರಾಮ ಎದ್ದು ಹೊರಡುವ ಮೊದಲು, ದಾಕ್ಷಿಣ್ಯ ಬಿಟ್ಟು ಇನ್ನೊಮ್ಮೆ ಪರೀಕ್ಷೆ ಕೊಟ್ಟಿದ್ದಾರೆ. ಈ ಸಲ ಬೆರಳು ಎದ್ದದ್ದು ನಾಲ್ಕೇ ಸಲ. ಉಚಿತ ಯಂತ್ರ ಸಿಗದ ನಡುವಿನವರ ಸಾಲಿಗೆ ಇವರೂ ಸೇರಿದರು. ಹರಿಣಾಕ್ಷಿ ಪ್ಲಾಸ್ಟಿಕ್ ಫೈಲೊಂದನ್ನು ತೆಗೆದು ಹೊಸ ಹಾಳೆಯಲ್ಲಿ ಅವರ ಹೆಸರು ಬರೆಯುತ್ತಾರೆ. ಅದರೊಳಗೆ ಇಂಥವೇ ಮೂವತ್ತೇಳು ಹಾಳೆಗಳಿವೆ. ಒಂದೊಂದರಲ್ಲೂ ಹೆಸರು, ಯಾವ ಕಿವಿಗೆ ಎಷ್ಟು ಕಮ್ಮಿ ಎಂಬ ವಿವರ, ಕೊನೆಗೆ 'ಇವರು ಬಳಸುತ್ತಿರುವ ಇಯರ್‌ಬಡ್ ಕಿವಿಯ ಯಂತ್ರ' ಎಂಬ ಸಾಲು. ತಾರೀಕಿನ ಜಾಗ, ಡಾಕ್ಟರ ಸಹಿಯ ಜಾಗ ಖಾಲಿ. ಅನುಮತಿ ಬಂದ ದಿನವೇ ಎಲ್ಲದಕ್ಕೂ ಸಹಿ ಹಾಕುತ್ತೇನೆ ಎಂದು ಡಾಕ್ಟರು ಮಾತು ಕೊಟ್ಟಿದ್ದಾರೆ.

ಅದ್ರಾಮರ ಹಾಳೆ ಅಡಿಗೆ ಹೋಗುತ್ತದೆ. ಎಲ್ಲಕ್ಕಿಂತ ಮೇಲಿನದು, ಮೂಲೆ ಮಡಚಿದ್ದು, ವಸುಮತಿಯದು.

"ಇದನ್ನು ಮಾತ್ರ ನಾನು ಕೆಳಗೆ ಹಾಕುದಿಲ್ಲ" ಎನ್ನುತ್ತಾರೆ ಹರಿಣಾಕ್ಷಿ, ಯಂತ್ರಕ್ಕೆ ಟವೆಲ್ ಸುತ್ತುತ್ತ. "ಮಾರ್ಚಿನ ಮೂವತ್ತೊಂದಕ್ಕೆ ಬಂದ್ರೂ ಸಾಕು. ಆವತ್ತು ಹುಡುಕ್ಲಿಕ್ಕೆ ಹೊತ್ತು ಹೋಗ್ಬಾರ್ದಲ್ಲ."