ಎಡಗಿವಿ ಮತ್ತು ಒಂದು ಸೌಂಡ್ ಕಾರ್ಡು

ನನ್ನ ಎಡಗಿವಿ ಹೋಗಿದೆ ಎಂದು ನನಗೆ ಮೊದಲು ತಿಳಿಸಿದ್ದು ಡಾಕ್ಟರಲ್ಲ, ಕಂಪ್ಯೂಟರಿನೊಳಗೆ ಸಿಕ್ಕಿಸುವ ಅಂಗೈಯಗಲದ ಒಂದು ಸೌಂಡ್ ಕಾರ್ಡು. ಬರೀ ಕಿವಿ ಹೋಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮದುವೆಯಾಗಿ ಎರಡು ವರ್ಷ, ನನ್ನ ಹೆಂಡತಿ ಶೈಲಾ ಬೈಕಿನ ಹಿಂದೆ ಕೂತು ಮಾತಾಡಿದ್ದೆಲ್ಲ ಆ ಕಿವಿಗೆ. ನಾನು ಎಲ್ಲದಕ್ಕೂ ಹ್ಞೂಂ ಅಂದಿದ್ದೇನೆ. ಯಾವುದಕ್ಕೆಲ್ಲ ಹ್ಞೂಂ ಅಂದುಬಿಟ್ಟೆ ಎಂಬುದೇ ಈಗಿನ ಸಂಕಟ.

ನಾನು ಕೊಟ್ಟೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟೆ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ, ಹೇಳುವವರನ್ನು ಕಂಡರೂ ಆಗುವುದಿಲ್ಲ. ಆದರೆ ಕಿವಿಯ ವಿಷಯದಲ್ಲಿ ನನಗೆ ಬಹಳ ಸೊಕ್ಕಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ಮೊನೆಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಒತ್ತಿದರೆ, ಒಳಗೆ ಯಾವ ಬೇರಿಂಗ್ ಅಳುತ್ತಿದೆ, ಯಾವ ವಾಲ್ವು ಬಡಿಯುತ್ತಿದೆ ಎಂದು ಹೇಳಿಬಿಡುತ್ತಿದ್ದೆ. ಡಾಕ್ಟರು ಎದೆಗೆ ಇಡುವ ಕೊಳವೆಗೆ ಎರಡು ಕಿವಿ ಬೇಕು, ನಮ್ಮ ಸ್ಕ್ರೂಡ್ರೈವರಿಗೆ ಒಂದೇ ಸಾಕು. ನಾನು ಬಲಗೈಯವನು, ಹಾಗಾಗಿ ಬಲಗಿವಿ. ಫೋನೂ ಬಲಗಿವಿಗೇ. ಎಡಗಿವಿಗೆ ಕೆಲಸವನ್ನೇ ಕೊಟ್ಟಿರಲಿಲ್ಲ. ಕೆಲಸ ಕೊಡದ ಆಳು ಬಿಟ್ಟು ಹೋದರೆ ಯಾರಿಗೆ ಗೊತ್ತಾಗುತ್ತದೆ?

ಕಂಪ್ಯೂಟರು ನನ್ನದಲ್ಲ, ಶೈಲಾಳದು. ತಂಬ್ರಹಳ್ಳಿಯ ತವರಿನಿಂದ ಬರುವಾಗ ತಂದದ್ದು. ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಳು. ಮದುವೆಯಾದ ಮೇಲೂ ಸ್ವಲ್ಪ ದಿನ ಅದರ ಮುಂದೆ ಕೂತು ಏನೇನೋ ಲೆಕ್ಕ ಬರೆಯುತ್ತಿದ್ದಳು. ಆಮೇಲೆ ಒಂದು ದಿನ ಬಿಟ್ಟಳು. ಕಸೂತಿ ಹಾಕಿದ ಬಟ್ಟೆಯೊಂದನ್ನು ಅದರ ಮೇಲೆ ಹೊದಿಸಿದಳು. ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ. ಓದು ಅಂದರೆ ಬೇಸರ ಬರುವಂಥದ್ದೇ, ನನಗೂ ಬಂದಿತ್ತು, ಅವಳಿಗೆ ಸ್ವಲ್ಪ ತಡವಾಗಿ ಬಂತು ಅಂದುಕೊಂಡೆ.

ಸುಮ್ಮನೆ ಬಿದ್ದಿರುವ ಮಷಿನ್ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಒಂದು ಭಾನುವಾರ ಅದನ್ನು ಬೈಕಿಗೆ ಕಟ್ಟಿಕೊಂಡು ಗ್ಯಾರೇಜಿಗೆ ಒಯ್ದು, ಮುಚ್ಚಳ ಬಿಚ್ಚಿ, ಕಂಪ್ರೆಸರ್ ಗಾಳಿಯಿಂದ ಧೂಳು ಹೊಡೆದೆ. ಟೈರಿಗೆ ಹೊಡೆಯುವ ಗಾಳಿ. ಅದರಲ್ಲಿ ನೀರಿನ ಹನಿ ಬೆರೆತಿರುತ್ತದೆ ಎಂದು ನನಗೆ ಗೊತ್ತು, ಟೈರಿಗೆ ಅದರಿಂದ ಏನೂ ಆಗುವುದಿಲ್ಲ. ಕಂಪ್ಯೂಟರಿಗೆ ಆಯಿತು. ಮನೆಗೆ ತಂದು ಹಚ್ಚಿದರೆ ಚಿತ್ರ ಬಂತು, ಸೌಂಡು ಬರಲಿಲ್ಲ.

ಹಗರಿಬೊಮ್ಮನಹಳ್ಳಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ವಿರುಪಾಕ್ಷಿ ನನ್ನ ಜೊತೆ ಶಾಲೆ ಕಲಿತವನು. ಅವನು ಪೂರ್ತಿ ಕಲಿತ. ಪೆಟ್ಟಿಗೆ ನೋಡಿ ಹೇಳಿದ, ಬೋರ್ಡಿನಲ್ಲಿರುವ ಸೌಂಡು ಸತ್ತಿದೆ, ಬೇರೆ ಕಾರ್ಡು ಹಾಕಬೇಕು. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ಹಾಕೋದು ಹಾಕ್ತೀ, ಸುತ್ತಾ ಬರೋದ್ನ ಹಾಕ್ಕೋ. ಮುಂದ ಮೂರು, ಹಿಂದ ಎರಡು, ಕೆಳಗ ಒಂದು ಡಬ್ಬಿ. ಹೆಲಿಕಾಪ್ಟರ್ ಬಂತಂದ್ರ ನಿನ್ನ ತಲಿ ಸುತ್ತ ತಿರುಗ್ತೈತಿ ಲೇ ಕೊಟ್ರೇಶಿ."

ನನ್ನ ತಲೆಯ ಸುತ್ತ ಹೆಲಿಕಾಪ್ಟರ್ ಯಾಕೆ ತಿರುಗಬೇಕು ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕೊಂಡೆ.

ಕಾರ್ಡು ಹಾಕಿದೆ. ಹಿಂದುಗಡೆ ಹಸಿರು, ಕಪ್ಪು, ಕಿತ್ತಳೆ ತೂತುಗಳು, ಆಯಾ ಬಣ್ಣದ ಪಿನ್ನು ಆಯಾ ತೂತಿಗೆ. ಹಿಂದಿನ ಎರಡು ಸ್ಪೀಕರುಗಳಲ್ಲಿ ಒಂದನ್ನು ಜೋಳದ ಡ್ರಮ್ಮಿನ ಮೇಲೆ, ಇನ್ನೊಂದನ್ನು ಗೋಡೆಯ ಗೂಡಿನಲ್ಲಿ ಇಟ್ಟು, ವೈರನ್ನು ಜಂತಿಯ ಮೇಲಿಂದ ಎಳೆದೆ. ಮರುದಿನ ನೋಡಿದರೆ ಅವ್ವ ಆ ವೈರಿನ ಮೇಲೆ ಟವೆಲ್ ಒಣಹಾಕಿದ್ದಳು. ಪರವಾಗಿಲ್ಲ, ವೈರು ಗಟ್ಟಿಯಿತ್ತು.

ಕಂಪ್ಯೂಟರಿನಲ್ಲಿ ಸ್ಪೀಕರ್ ಪರೀಕ್ಷೆ ಅಂತ ಒಂದಿದೆ. ಒಂದಾದ ಮೇಲೊಂದು ಸ್ಪೀಕರು ಟಿಂಗ್ ಅನ್ನುತ್ತದೆ. ಮುಂದೆ ಎಡ, ನಡುವೆ, ಮುಂದೆ ಬಲ, ಹಿಂದೆ ಬಲ, ಹಿಂದೆ ಎಡ. ನಾನು ನಡುಮನೆಯ ನಡುವೆ ಕುರ್ಚಿ ಹಾಕಿಕೊಂಡು ಮದುಮಗನ ಹಾಗೆ ಕೂತೆ. ಟಿಂಗ್ ಬಲಗಡೆಯಿಂದ ಬಂತು. ಮುಂದಿನದೂ ಬಲಗಡೆಯಿಂದ. ಐದಕ್ಕೈದೂ ಬಲಗಡೆಯಿಂದ. ಕೆಲವು ಜೋರಾಗಿ, ಕೆಲವು ಮೆಲ್ಲಗೆ, ಅಷ್ಟೇ ವ್ಯತ್ಯಾಸ.

ನಮ್ಮ ಕಸುಬಿನಲ್ಲಿ ಒಂದು ದಾರಿ ಇದೆ. ದೋಷ ಎಲ್ಲಿದೆ ಎಂದು ತಿಳಿಯದಿದ್ದರೆ ಒಂದೊಂದೇ ಭಾಗ ಅದಲು ಬದಲು ಮಾಡು. ಭಾಗದ ಜೊತೆ ದೋಷವೂ ಜಾಗ ಬಿಟ್ಟರೆ ಆ ಭಾಗವೇ ಕೆಟ್ಟಿದೆ. ದೋಷ ಇದ್ದಲ್ಲೇ ಇದ್ದರೆ ಬೇರೆ ಕಡೆ ಹುಡುಕು. ನಾನು ಎಡದ ಸ್ಪೀಕರು ಬಲಕ್ಕೆ ಹಾಕಿದೆ. ವೈರು ಬದಲಿಸಿದೆ. ಕಾರ್ಡನ್ನು ಎರಡು ಸಲ ಅಂಗಡಿಗೆ ಒಯ್ದು ಬೇರೆ ತಂದೆ. ಕಡೆಗೆ ಬದಲಿಸದೆ ಉಳಿದದ್ದು ಕುರ್ಚಿಯ ಮೇಲೆ ಕೂತವನೊಬ್ಬನೇ. ನನ್ನನ್ನೇ ನಾನು ಭಾಗಗಳ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಇಪ್ಪತ್ತೇಳು ವರ್ಷದವನು, ಕೈಕಾಲು ಗಟ್ಟಿ ಇರುವವನು, ಹಾಗೆ ಸೇರಿಸಿಕೊಳ್ಳುವುದೂ ಇಲ್ಲ.

ಮೂರನೇ ಸಲ ವಿರುಪಾಕ್ಷಿಗೆ ಫೋನಿನಲ್ಲಿ ಸರಿಯಾಗಿ ಬೈದೆ. ಅವನು ಬೈಕ್ ಹತ್ತಿಕೊಂಡು ನಮ್ಮ ಮನೆಗೇ ಬಂದ. ಕುರ್ಚಿಯಲ್ಲಿ ತಾನು ಕೂತು ಕೇಳಿದ.

"ಚಲೋ ತಿರುಗಾಕತ್ತೈತಲ್ಲ ಮಾರಾಯ. ಇದಕ್ಕೇನ್ ಆಗೈತಿ?"

"ಚಲೋ ಇದ್ರ ಎಲ್ಲಾ ಬಲಗಡಿ ಯಾಕ ಬರ್ತೈತಿ? ನನ್ನೇನು ಹುಚ್ಚ ಅಂದ್ಕೊಂಡೀ?"

ಅವನು ನನ್ನನ್ನು ಕೂರಿಸಿದ. ಪರೀಕ್ಷೆ ಹಚ್ಚಿದ. ಬಲಗಡೆ ಅಂದೆ. ಕುರ್ಚಿಯನ್ನು ತಿರುಗಿಸಿ ಕಂಪ್ಯೂಟರಿಗೆ ಬೆನ್ನು ಮಾಡಿ ಕೂರಿಸಿದ. ಈಗ ಯಾವ ಕಡೆ ಅಂದ. ಬಲಗಡೆ ಅಂದೆ. ಬಾಗಿಲ ಕಡೆ ಮುಖ ಮಾಡಿಸಿದ. ಬಲಗಡೆ. ಅವನು ಸೌಂಡು ಆರಿಸಿ ಸ್ವಲ್ಪ ಹೊತ್ತು ನನ್ನ ಪಕ್ಕ ನಿಂತ. ಆಮೇಲೆ ಮುಂದೆ ಬಂದು ನನ್ನ ಮುಖ ನೋಡಿದ.

"ಈಗ ನಾನು ಏನಂದೆ ಹೇಳು."

"ಏನೂ ಅನ್ಲಿಲ್ಲಲ್ಲ ನೀನು."

"ಬೈದೆ ಲೇ. ನಿನ್ನ ಎಡಗಿವಿ ಹತ್ರ ಬಾಯಿಟ್ಟು ನಿಮ್ಮಜ್ಜನ ತನಕ ಎಲ್ಲಾರ್ನೂ ಮೆಲ್ಲಗ ಬೈದೆ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶೈಲಾ ಜೋರಾಗಿ ನಕ್ಕಳು. ನಗುತ್ತಾ ನಗುತ್ತಾ ನಡುವೆ ನಿಲ್ಲಿಸಿದಳು. ನಾನು ಆಗ ಅದನ್ನು ಗಮನಿಸಿದೆ, ಅರ್ಥವಾಗಲಿಲ್ಲ.

ಹೊಸಪೇಟೆಯ ಕಿವಿ ಡಾಕ್ಟರು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಡಬ್ಬಿ ಹಾಕಿ, ಕೇಳಿಸಿದಾಗೆಲ್ಲ ಬಟನ್ ಒತ್ತು ಅಂದರು. ಬಲಗಿವಿಗೆ ಚೆನ್ನಾಗಿ ಒತ್ತಿದೆ. ಎಡಗಿವಿಯ ಸರದಿ ಬಂದಾಗ, ಇನ್ನೂ ಶುರು ಮಾಡಿಲ್ಲ ಎಂದು ಕಾಯುತ್ತಾ ಕೂತೆ. ಅವರು ಮುಗಿಸಿ ಬಾಗಿಲು ತೆಗೆದರು.

ಕಿವಿಯೊಳಗೆ ಏನಾದರೂ ಹಾಕಿಕೊಳ್ಳುತ್ತಿದ್ದೆಯಾ ಎಂದು ಕೇಳಿದರು. ಏನೂ ಇಲ್ಲರಿ, ಸಂಜೆ ಗಾಳಿ ಹೊಡೆದುಕೊಳ್ಳುತ್ತೇವೆ ಅಷ್ಟೇ ಅಂದೆ. ಡಾಕ್ಟರು ಪೆನ್ನು ಕೆಳಗಿಟ್ಟರು.

ನಿಮಗೂ ಹೇಳಬೇಕು. ಮೆಕ್ಕೆಜೋಳದ ಕಾಲಕ್ಕೆ ಒಕ್ಕುವ ಮಷಿನ್ನುಗಳು ಗ್ಯಾರೇಜಿಗೆ ಬಂದರೆ ಮೈತುಂಬ ಹೊಟ್ಟಿನ ಧೂಳು. ಸಂಜೆ ಮನೆಗೆ ಹೊರಡುವ ಮುಂಚೆ ಎಲ್ಲರೂ ಸಾಲಾಗಿ ನಿಂತು ಕಂಪ್ರೆಸರ್ ಗಾಳಿ ಹೊಡೆಸಿಕೊಳ್ಳುತ್ತೇವೆ. ತಲೆಗೆ, ಅಂಗಿಗೆ, ಕಡೆಗೆ ಕಿವಿಗೆ. ಗ್ಯಾರೇಜಿನ ಯಜಮಾನ ಖಾದರ್ ಭಾಯಿಯೇ ಗಾಳಿಯ ಗನ್ ಹಿಡಿಯುತ್ತಾನೆ. "ಕಿವಿ ಕೊಡಲೇ ಕೊಟ್ರ್ಯಾ, ಒಳಗ ಒಂದು ಎಕ್ರಿ ಹೊಲ ಅದ ನಿಂದು" ಅನ್ನುತ್ತಾನೆ. ಅವನು ಬಲಗೈಯಲ್ಲಿ ಗನ್ ಹಿಡಿದು ಎದುರಿಗೆ ನಿಂತರೆ ಮೊದಲು ಸಿಗುವುದು ನನ್ನ ಎಡಗಿವಿ. ಆ ತಣ್ಣನೆ ಗಾಳಿ ತಲೆಯೊಳಗೆ ನುಗ್ಗುವ ಸುಖವನ್ನು ಹೇಳಲಾರೆ, ಅಷ್ಟು ಸುಖ. ಒಂದು ಸಂಜೆ ಟಪ್ ಅಂತ ಏನೋ ಆಯಿತು. ಎರಡು ದಿನ ತಲೆ ತಿರುಗಿತು. ಪಿತ್ತ ಅಂದುಕೊಂಡು ನಿಂಬೆಹಣ್ಣಿನ ಸೋಡಾ ಕುಡಿದೆ. ಅದು ಮದುವೆಗೆ ಒಂದು ತಿಂಗಳ ಮುಂಚೆ.

ಪರದೆ ಹರಿದಿದೆ, ಅದನ್ನು ಹೊಲಿಯಬಹುದು, ಒಳಗಿನ ನರ ಹೋಗಿದೆ, ಅದು ಬರುವುದಿಲ್ಲ ಅಂದರು ಡಾಕ್ಟರು. ಅದಕ್ಕೆ ಬೇರೆ ಭಾಗ ಸಿಗುವುದಿಲ್ಲವೇ ಎಂದು ಕೇಳಬೇಕೆನಿಸಿತು. ನನ್ನ ಬಾಯಿಗೆ ನಾಚಿಕೆ ಅಪರೂಪ, ಅವತ್ತು ಬಂತು.

ಈಗ ಬೈಕಿನ ಮಾತು. ನಮ್ಮ ಮನೆ ಎರಡು ಕೋಣೆಯದು. ಅಪ್ಪ, ಅವ್ವ, ತಮ್ಮ, ನಾವಿಬ್ಬರು. ಪಿಸುಗುಟ್ಟಿದರೂ ಆಚೆ ಕೋಣೆಯಲ್ಲಿ ಕೆಮ್ಮು ಕೇಳುತ್ತದೆ. ಗಂಡ ಹೆಂಡತಿಗೆ ಅಂತ ಇದ್ದ ಜಾಗವೆಂದರೆ ಬೈಕೊಂದೇ. ತಂಬ್ರಹಳ್ಳಿಗೆ ಅವಳ ತವರಿಗೆ, ಚಿಗಟೇರಿಗೆ ನಮ್ಮ ಸೋದರತ್ತೆಯ ಮನೆಗೆ, ತಿಂಗಳಿಗೆ ಎರಡು ಮೂರು ಸಲ. ಸೀರೆ ಉಟ್ಟವರು ಬೈಕಿನ ಮೇಲೆ ಹೇಗೆ ಕೂರುತ್ತಾರೆ ನೋಡಿ. ಎರಡೂ ಕಾಲು ಎಡಕ್ಕೆ, ಮುಖ ಎಡಕ್ಕೆ. ಮಾತಾಡಿದರೆ ಅದು ಗಂಡನ ಎಡ ಭುಜದ ಮೇಲಿಂದಲೇ ಬರಬೇಕು. ಬೈಕ್ ಮಾಡಿದವರೇ ಕಾಲಿಡುವ ಕಂಬಿಯನ್ನು ಆ ಕಡೆಗೆ ಇಟ್ಟಿದ್ದಾರೆ. ಹಿಂದೆ ಏನೋ ಗುಂಯ್ ಅನ್ನುತ್ತಿತ್ತು. ಹೆಂಡತಿ ಮಾತಾಡುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಗಾಳಿಗೆ ಕೇಳಿಸುತ್ತಿಲ್ಲ ಅಂದುಕೊಂಡೆ. ನಿಲ್ಲಿಸಿ ಕೇಳುವಷ್ಟು ತಾಳ್ಮೆ ನನಗಿಲ್ಲ, ಹ್ಞೂಂ ಅಂದರೆ ಹೆಂಗಸರಿಗೆ ಸಮಾಧಾನವಾಗುತ್ತದೆ ಎಂದು ನಂಬಿದ್ದೆ. ಎಲ್ಲ ಗಂಡಸರೂ ನಂಬಿರುತ್ತಾರೆ. ಅವರಿಗೆ ಕಿವಿ ನೆಟ್ಟಗಿರುತ್ತದೆ, ಅಷ್ಟೇ.

ಹೊಸಪೇಟೆಯಿಂದ ಬಂದ ದಿನ ಹಿತ್ತಿಲ ಕಟ್ಟೆಯ ಮೇಲೆ ಕೂತು ಡಾಕ್ಟರು ಹೇಳಿದ್ದನ್ನು ಶೈಲಾಗೆ ಹೇಳಿದೆ. ಅವಳು ಬಹಳ ಹೊತ್ತು ಅಕ್ಕಿ ಆರಿಸಿದಳು. ಆಮೇಲೆ ಕೇಳಿದಳು.

"ಅಂದ್ರ ಗಾಡಿ ಮ್ಯಾಲೆ ನಾನು ಅಂದಿದ್ದು ನಿಮಗ ಏನೂ ಕೇಳಿಲ್ಲ?"

"ಇಲ್ಲ."

"ಚಿಗಟೇರಿ ರಸ್ತ್ಯಾಗ, ಆಲದ ಮರದ ಹತ್ರ ಹೇಳಿದ್ದು?"

"ಇಲ್ಲ."

"ತಂಬ್ರಹಳ್ಳಿ ಏರಿನ್ಯಾಗ ಕೇಳಿದ್ದು?"

"ಏನ್ ಕೇಳಿದ್ದಿ?"

ಅವಳು ಮೊರವನ್ನು ಕೆಳಗಿಟ್ಟಳು. "ಪರೀಕ್ಷಿ ಫೀ ಕಟ್ಟೋ ದಿನ ಮುಗಿಯಾಕ ಬಂದಿತ್ರಿ. ಕಟ್ಲೋ ಬ್ಯಾಡೋ ಅಂದೆ. ಹ್ಞೂಂ ಅಂದ್ರಿ. ಕಟ್ಟಾದು ಬ್ಯಾಡೇನು, ಬಿಟ್ಟುಬಿಡ್ಲಾ ಅಂದೆ. ಅದಕ್ಕೂ ಹ್ಞೂಂ ಅಂದ್ರಿ. ಎರಡು ಸಲ ಕೇಳಿದ್ನಿರಿ."

ಆ ದಿನ ನನಗೆ ನೆನಪಿದೆ. ತವರಿನ ಮುಂದೆ ಇಳಿದಾಗ ಅವಳ ಕಣ್ಣು ಕೆಂಪಗಿದ್ದವು. ರಸ್ತೆಯ ಧೂಳು ಅಂದುಕೊಂಡೆ. ವಾಪಸ್ಸು ಬರುವಾಗ ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿ ಅವಳಿಗೆ ಒಂದು ಕೂಲಿಂಗ್ ಗ್ಲಾಸು ಕೊಡಿಸಿದೆ. ಎಂಥಾ ಗಂಡ ನಾನು ಎಂದು ದಾರಿಯುದ್ದಕ್ಕೂ ಹಿಗ್ಗಿದೆ.

"ನಿಲ್ಸು ಅನ್ಬೇಕಿತ್ತು. ಮನ್ಯಾಗ ಕೇಳ್ಬೇಕಿತ್ತು" ಅಂದೆ.

"ನಿಮ್ಮವ್ವಾರ ಮುಂದ? ನೀವು ಗಂಡಸ್ರು ಒಂದು ಸಲ ಅಂದ್ರ ಮುಗೀತಲ್ರಿ."

"ಈಗ ಕಟ್ಟು."

"ನನ್ನ ಪುಸ್ತಕ ರದ್ದಿಗೆ ಹೋದ್ವು. ಗಂಟು ಕಟ್ಟಿ ಗಾಡಿ ಮ್ಯಾಲೆ ಒಯ್ದೋರು ನೀವ. ಸಿಲಬಸ್ಸೂ ಬದಲಾಗೈತಿ ಅಂತ. ಬಿಡ್ರಿ ಅತ್ಲಾಗ."

ಮತ್ತೇನು ಹೇಳಿದ್ದೆ, ಉಳಿದದ್ದನ್ನು ಹೇಳು ಎಂದು ಎಷ್ಟು ಕೇಳಿದರೂ ಹೇಳಲಿಲ್ಲ. "ಅವು ಅಲ್ಲಿ ಮಾತು, ಇಲ್ಲಿ ಹೆಂಗ ಹೇಳ್ಲಿ?" ಅಂದಳು. ಸಿಟ್ಟಿನಿಂದ ಅಂದಿದ್ದರೆ ನನಗೆ ತಡೆದುಕೊಳ್ಳಲು ಬರುತ್ತಿತ್ತು.

ಕಂಪ್ಯೂಟರು ಈಗ ಚೆನ್ನಾಗಿ ಹಾಡುತ್ತದೆ. ಅಪ್ಪ, ಅವ್ವ ಧಾರಾವಾಹಿ ನೋಡುತ್ತಾರೆ. ಅತ್ತೆ ಸೊಸೆ ಜಗಳ ಮನೆಯ ನಾಲ್ಕೂ ಮೂಲೆಯಿಂದ ಕೇಳುತ್ತದಂತೆ. ಹಿಂದಿನ ಬಾಗಿಲಲ್ಲಿ ಯಾರೋ ಬಂದರು ಎಂದು ಅವ್ವ ಎರಡು ಸಲ ಎದ್ದು ಹೋಗಿದ್ದಳು. ಆರು ಸ್ಪೀಕರಿನ ನಡುವೆ ನಾನು ಕೂರುತ್ತೇನೆ. ಎಲ್ಲವೂ ಬಲಗಡೆ. ಸುತ್ತಲೂ ಅಂದರೆ ಹೇಗಿರುತ್ತದೆ ಎಂದು ಇನ್ನೊಬ್ಬರನ್ನು ಕೇಳಿ ತಿಳಿಯಬೇಕು.

ನನ್ನ ಕೈಲಾದದ್ದು ಒಂದನ್ನು ಮಾಡಿದೆ. ಬೈಕಿನ ಬಲಗಡೆ, ಸೈಲೆನ್ಸರಿನ ಮೇಲೆ ಕಾಲು ಸುಡದ ಹಾಗೆ ತಗಡು ಬೆಸೆದು, ಕಾಲಿಡುವ ಕಂಬಿ ಕೂರಿಸಿದೆ. ಸೀರೆ ಚಕ್ರಕ್ಕೆ ಸಿಗದ ಹಾಗೆ ಜಾಲರಿ ಹಾಕಿದೆ. ಖಾದರ್ ಭಾಯಿ ನೋಡಿ, "ಏನ್ ಇದು, ಉಲ್ಟಾ ಮಾಡಿದ್ಯಲ್ಲೋ" ಅಂದ. ಸುಮ್ಮನಿರು ಅಂದೆ. ಕೊಟ್ಟೂರಿನ ಬಜಾರಿನಲ್ಲಿ ಹೆಂಡತಿಯನ್ನು ಬಲಕ್ಕೆ ಕೂರಿಸಿಕೊಂಡು ತಂಬ್ರಹಳ್ಳಿಗೆ ಹೊರಟಾಗ ಜನ ನಿಂತು ನೋಡಿದರು. ಲಾರಿಗಳು ಹಾಯುವ ಕಡೆಗೇ ಅವಳ ಕಾಲು, ಹಾಗಾಗಿ ರಸ್ತೆಯ ಅಂಚು ಹಿಡಿದು ಮೆಲ್ಲಗೆ ಹೊಡೆದೆ. ಬಲಗಿವಿಯನ್ನು ಪೂರ್ತಿ ಬಿಟ್ಟುಕೊಟ್ಟು ಕಾದೆ.

ಹಗರಿಬೊಮ್ಮನಹಳ್ಳಿ ದಾಟಿತು. ಅವಳು ಮಾತಾಡಲಿಲ್ಲ. ಅವಳ ಬಳೆಯ ಸದ್ದು ಕೇಳುತ್ತಿತ್ತು, ಉಸಿರೂ ಕೇಳುತ್ತಿತ್ತು. ಅಷ್ಟು ಚೆನ್ನಾಗಿ ಕೇಳುತ್ತಿತ್ತು. ತಂಬ್ರಹಳ್ಳಿ ಇನ್ನೇನು ಬಂತು ಅನ್ನುವಾಗ ಅವಳು ಒಂದು ಮಾತು ಅಂದಳು.

"ಆ ಹೊಲ್ದಾಗ ಸೂರ್ಯಕಾಂತಿ ಎಷ್ಟು ಚಂದ ಬಂದೈತಿ ನೋಡ್ರಿ."

ನಾನು ಕೂಡಲೇ ಬ್ರೇಕ್ ಒತ್ತಿದೆ. ಗಾಡಿ ನಿಲ್ಲಿಸಿ ಆ ಕಡೆ ಈ ಕಡೆ ಹುಡುಕಿದೆ. "ಎಲ್ಲಿ? ಯಾವ ಹೊಲ?" ಅಂದೆ.

"ಹಿಂದಕ ಹೋತು, ನಡೀರಿ" ಅಂದಳು.