ಮೂಡಣ ಗೋಡೆಯ ಉಪ್ಪು

ನನಗೆ ತಿಳಿಯದ ವಿಷಯ ಲೋಕದಲ್ಲಿ ಬಹಳ ಕಡಿಮೆ ಎಂದು ನಾನು ನಂಬಿದ್ದ ಕಾಲ ಅದು. ಶಾಲೆಯ ಅಕ್ಕೋರು ಎಂದ ಮೇಲೆ ಅಷ್ಟು ಧಿಮಾಕು ಇರಬೇಕಾದ್ದೇ. ಈಗಲೂ ಪೂರ್ತಿ ಹೋಗಿಲ್ಲ. ಎಂಬತ್ತರ ದಶಕದ ಮೊದಲಲ್ಲಿ ಬೆಳಗಾವಿಯ ಶಿವಬಸವ ನಗರದಲ್ಲಿ ನನ್ನ ದುಡಿಮೆಯ ಮೇಲೆ ಒಂದು ಮನೆ ಕಟ್ಟಿಸಿದೆ. ಇಟ್ಟಂಗಿ ಮಾತ್ರ ಅಪ್ಪನದು. ಅಪ್ಪ ಖಾನಾಪುರದ ಇಟ್ಟಂಗಿ ಭಟ್ಟಿಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿದವನು. ಒಂದಕ್ಕೊಂದು ತಟ್ಟಿ, ಸದ್ದು ಕೇಳಿ, ಆರಿಸಿ ಆರಿಸಿ ಲಾರಿಗೆ ಹಾಕಿಸಿದ್ದ.

"ಇದಕ್ಕ ಗಿಲಾವೂ ಬ್ಯಾಡ, ಬಣ್ಣಾನೂ ಬ್ಯಾಡ. ಹಂಗ ಕಾಣಲಿ," ಎಂದಿದ್ದ. ಗಾರೆ ಮೆತ್ತದೆ, ಬಣ್ಣ ಬಳಿಯದೆ ಹಾಗೇ ಬಿಟ್ಟೆವು. ಓಣಿಯವರಿಗೆ ಅದು ಕೆಂಪು ಮನೆಯಾಯಿತು.

ಎರಡು ಮಳೆಗಾಲ ಕಳೆದ ಮೇಲೆ ಮೂಡಣ ಗೋಡೆಯಲ್ಲಿ, ಬುಡದಿಂದ ಕಿಟಕಿಯವರೆಗೆ, ಬಿಳಿ ಉಪ್ಪು ಕಾಣಿಸಿಕೊಂಡಿತು. ಒರೆಸಿದರೆ ಹಿಟ್ಟಿನಂತೆ ಉದುರುವುದು, ಎಂಟು ದಿನಕ್ಕೆ ಮತ್ತೆ ಬರುವುದು. ಕೆಲವು ಇಟ್ಟಂಗಿಗಳ ಮೈ ಚಕ್ಕೆ ಏಳತೊಡಗಿತು. ಬಾಜೂ ಮನೆಯವರು ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು: "ಇಟ್ಟಂಗಿ ಸರಿ ಸುಟ್ಟಿಲ್ಲ ಬಿಡ್ರಿ."

ಅಪ್ಪ ಅಲ್ಲೇ ಅಂಗಳದಲ್ಲಿ ನಿಂತಿದ್ದ. ಸಿಟ್ಟು ಬಂದರೆ ಅವನು ಮರಾಠಿಗೆ ಇಳಿಯುತ್ತಿದ್ದ. ಅವತ್ತು ತಲೆ ತಗ್ಗಿಸಿ ಒಳಗೆ ನಡೆದ. ಆಮೇಲೆ ಖಾನಾಪುರದಿಂದ ಬಂದಾಗಲೆಲ್ಲ ಆ ಗೋಡೆಗೆ ಬೆನ್ನು ಮಾಡಿಯೇ ಕೂರುತ್ತಿದ್ದ.

ಎಣ್ಣೆ ಬಣ್ಣ ಬಳಿಸಿ ಮುಚ್ಚಿಬಿಡೋಣ ಎಂದೆ. "ಮುಚ್ಚಿದರ ತಪ್ಪು ಒಪ್ಪಿಕೊಂಡಂಗ ಆಗ್ತೈತಿ," ಎಂದ ಅಪ್ಪ. ನಾನು ಯಾರ ಮಾತು ಕೇಳುವವಳು? ದೀಪಾವಳಿ ಮುಗಿದದ್ದೇ ಬಣ್ಣದ ಕೆಲಸದ ಹಿರಿಯರೊಬ್ಬರನ್ನು ಕರೆಸಿದೆ. ಓಣಿಗೆಲ್ಲ ಅವರು ಚಾಚಾ.

ಚಾಚಾ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಬೆರಳಲ್ಲಿ ಉಪ್ಪು ಸವರಿ ನಾಲಿಗೆಗೆ ಇಟ್ಟರು, ಉಗಿದರು, ಗೋಡೆಯ ಬುಡ ನೋಡಿದರು. ಅಲ್ಲಿ ನನ್ನ ಮಲ್ಲಿಗೆ ಮಡಿ ಇತ್ತು. ಗೋಡೆಗೆ ಒತ್ತಿ ಮೊಳದೆತ್ತರ ಮಣ್ಣು, ಗೊಬ್ಬರ ಒಟ್ಟಿ ದಿನಕ್ಕೆರಡು ಹೊತ್ತು ನೀರುಣಿಸುತ್ತಿದ್ದೆ.

"ಅಕ್ಕೋರ, ಈಗ ಎಣ್ಣಿ ಬಣ್ಣ ಹಚ್ಚಿದರ ಒಳಗಿನ ಹಸಿ ಎಲ್ಲಿಗೆ ಹೋಗಬೇಕ್ರಿ? ಬಣ್ಣಾನೂ ಹೋಗ್ತದ, ಇಟ್ಟಂಗಿನೂ ಹೋಗ್ತದ."

"ಇಟ್ಟಂಗೀನ ಕೆಟ್ಟೈತಿ ಅಂತಾರಲ್ಲ ಚಾಚಾ?"

"ಮಡಿ ಅರ್ಧ ತಗೀರಿ, ಅರ್ಧ ಇರಲಿ. ತಪ್ಪು ಯಾರದಂತ ಗೋಡೀನ ಹೇಳ್ತದ."

ನನ್ನ ಮಲ್ಲಿಗೆಯ ಮೇಲೆ ಗುಮಾನಿ! ಮುಖ ಗಂಟಿಕ್ಕಿಕೊಂಡೇ ಅರ್ಧ ಮಣ್ಣು ತೆಗೆಸಿದೆ. ಚಾಚಾ ಬಿರುಸಾದ ಒಣ ಬ್ರಶ್ಶಿನಿಂದ ಇಡೀ ಗೋಡೆ ತಿಕ್ಕಿ ಉಪ್ಪು ಉದುರಿಸಿದರು. ನೀರಲ್ಲಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಸೇರುತ್ತದಂತೆ.

ಚಳಿಗಾಲ ಮುಗಿಯುವಷ್ಟರಲ್ಲಿ ಮಣ್ಣು ತೆಗೆದ ಅರ್ಧ ಕೆಂಪಗೆ ಒಣಗಿ ನಿಂತಿತ್ತು. ಮಲ್ಲಿಗೆ ಇದ್ದ ಅರ್ಧದಲ್ಲಿ ಉಪ್ಪು ಮೊದಲಿನಂತೆಯೇ. ಭಟ್ಟಿ ಒಂದೇ, ಲಾರಿ ಒಂದೇ, ಕಟ್ಟಿದ ಗೌಂಡಿಯೂ ಒಬ್ಬನೇ. ಮಕ್ಕಳ ಉತ್ತರಗಳಿಗೆ ಕೆಂಪು ಗೆರೆ ಎಳೆದು ರೂಢಿಯಾದ ನನಗೆ ಆ ಹೊತ್ತು ನಿಜಕ್ಕೂ ನಾಚಿಕೆಯಾಯಿತು.

ಪತ್ರ ಬರೆಯಬಹುದಿತ್ತು. ಆದರೆ ಮುಖ ನೋಡಿಯೇ ಹೇಳಬೇಕಾದ ಮಾತು. ಭಾನುವಾರದ ರೈಲಿಗೆ ಖಾನಾಪುರಕ್ಕೆ ಹೋದೆ.

"ಅಪ್ಪಾ, ತಪ್ಪು ಇಟ್ಟಂಗೀದಲ್ಲ, ನಂದು. ನನ್ನ ಮಲ್ಲಿಗಿ ಸಲುವಾಗಿ ನೀ ತಲಿ ತಗ್ಗಿಸಿದಿ."

ಅಪ್ಪ ಚಪ್ಪಲಿ ಮೆಟ್ಟಿ ನನ್ನ ಜೊತೆಗೇ ಹೊರಟುಬಂದ. ಒಣಗಿದ ಅರ್ಧದ ಮೇಲೆ ಅಂಗೈ ಆಡಿಸಿದ. ಆಮೇಲೆ ಬಾಜೂ ಮನೆಗೆ ಚೆನ್ನಾಗಿ ಕೇಳುವಂತೆ, ಮರಾಠಿಯಲ್ಲಿ, ನನ್ನನ್ನು ಬೈದ. ಮಣ್ಣು, ನೀರು, ಮಲ್ಲಿಗೆ, ನನ್ನ ಓದು, ಒಂದನ್ನೂ ಬಿಡಲಿಲ್ಲ. ಅಷ್ಟು ಸಂತೋಷದಿಂದ ನಾನು ಎಂದೂ ಬೈಸಿಕೊಂಡಿಲ್ಲ.

ಉಳಿದ ಮಡಿಯನ್ನೂ ಕಿತ್ತು ಕಾಂಪೌಂಡಿನ ಮೂಲೆಗೆ ಒಯ್ದೆವು. ಬೇಸಿಗೆಯೆಲ್ಲ ಗೋಡೆ ಒಣಗಿತು. ಮಳೆಗೆ ಮುಂಚೆ ಚಾಚಾ ಚಕ್ಕೆ ಎದ್ದ ಇಟ್ಟಂಗಿಗಳಿಗೆ ಗಾರೆ ತುಂಬಿ ಒಣಗಿಸಿ, ಎಣ್ಣೆ ಬಣ್ಣದಂತೆ ಹಸಿ ಕಟ್ಟಿಹಾಕದ ಸುಣ್ಣದ ನೀರಿಗೆ ಕೆಂಪು ಕಾವಿ ಕಲಸಿ ಸಿದ್ಧಮಾಡಿದರು. ತೇಪೆ ಕಾಣದಿರಲು ಒಂದು ಕೈ ಬಳಿಯಲೇಬೇಕಿತ್ತು. ನಾನು ಅನುಮಾನದಿಂದ ಅಪ್ಪನ ಕಡೆ ನೋಡಿದೆ.

"ಹಚ್ಚೂಣು. ಈಗ ಹಚ್ಚಿದರ ಮುಚ್ಚಿದಂಗ ಆಗೂದಿಲ್ಲ," ಎಂದು ಅಪ್ಪ ಚಾಚಾನ ಕೈಯಿಂದ ಬ್ರಶ್ ಇಸಕೊಂಡ.